ಮೊದಲು ಅಂಚು

ತವುಡಿನ ವಾಸನೆ ಇನ್ನೂ ಹೋಗಿಲ್ಲ, ಸುಣ್ಣ ಎರಡು ಸಲ ಬಳಿದಿದ್ದಾರೆ, ಕಿಟಕಿಗೆ ಹಸಿರು ಬಣ್ಣ ಹೊಡೆದಿದ್ದಾರೆ, ಬಾಗಿಲ ಮೇಲೆ ಕನ್ನಡದಲ್ಲೊಂದು ಇಂಗ್ಲಿಷಿನಲ್ಲೊಂದು ಬೋರ್ಡು ತೂಗುಹಾಕಿದ್ದಾರೆ, ಆದರೂ ಒಳಗೆ ಕಾಲಿಟ್ಟರೆ ಮೂಗಿಗೆ ಮೊದಲು ಬರುವುದು ಬೆಚ್ಚಗಿನ ತವುಡೇ — ಎಂದುಕೊಂಡು ರಂಗಮ್ಮ ಬೆಂಚಿನ ತುದಿಗೆ ಕೂತಳು, ಎಡಗೈಯಲ್ಲಿ ಮಡಚಿದ ಎರಡು ಅರ್ಜಿ, ಬಲಗೈ ಮಗ ಮಾರಿಯ ತಲೆಯ ಮೇಲೆ, ಅವನ ಜೊತೆಗೇ ಹುಟ್ಟಿದ ಮಗಳು ಗುತ್ತಿ ಕಾಲ ಬಳಿ ನೆಲದಲ್ಲಿ. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಭತ್ತದ ಮೂಟೆಯ ಮೇಲೆ ಕೂತು ಸರತಿ ಕಾದಿದ್ದಳು, ಆಗ ಇದು ಅಕ್ಕಿ ಗಿರಣಿ, ಸಾಗರದ ಸುತ್ತಲಿನ ಹಳ್ಳಿಯವರೆಲ್ಲ ಇಲ್ಲಿಗೇ ಬರುತ್ತಿದ್ದರು, ಬೆಲ್ಟು ಓಡುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಈಗ ಹೊಸ ಖಾಸಗಿ ಶಾಲೆ, ಬೆಳಿಗ್ಗೆ ಇಂಗ್ಲಿಷು, ಮಧ್ಯಾಹ್ನ ಕನ್ನಡ, ಜೂನ್ ಒಂದಕ್ಕೆ ಶುರು. ಯಂತ್ರ ಕಿತ್ತಿದ್ದಾರೆ, ಅದು ಕೂತಿದ್ದ ಸಿಮೆಂಟಿನ ಕಟ್ಟೆ ಕೀಳಲಿಕ್ಕಾಗಲಿಲ್ಲವಂತೆ, ಅದೇ ಈಗ ಮಿಸ್ಸು ನಿಂತು ಪಾಠ ಹೇಳುವ ಜಾಗ — ಮೇಲಿಂದ ಭತ್ತ ಸುರಿದರೆ ಅಕ್ಕಿ ಈ ಕಡೆ, ತವುಡು ಆ ಕಡೆ, ಉಮಿ ಗೋಡೆಯಾಚೆಯ ಗುಂಡಿಗೆ, ಮಕ್ಕಳನ್ನು ಸುರಿದರೆ ಏನೇನು ಯಾವ ಕಡೆ ಬೀಳುತ್ತದೋ, ನೋಡಬೇಕು. ಆ ಮಿಸ್ಸು ಶಿವಮೊಗ್ಗದವಳಂತೆ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು, ಬೆಳಿಗ್ಗೆ ಪರೀಕ್ಷೆ ನಡೆಯುವಾಗ ಕಟ್ಟೆಗೆ ಹೆಬ್ಬೆರಳು ಎಡವಿ ಅಯ್ಯಮ್ಮಾ ಎಂದು ಅಲ್ಲೇ ಕುಕ್ಕರಿಸಿದಳು, ಒಂದು ಗಳಿಗೆ ಬಿಟ್ಟು ಎದ್ದು ಮತ್ತೆ ಇಂಗ್ಲಿಷಿನಲ್ಲಿ ಸಿಟ್ ಡೌನ್ ಎಂದಳು, ನೋವು ಮಾತ್ರ ಕನ್ನಡದಲ್ಲೇ ಆಗುತ್ತದೆ ಹಾಗಾದರೆ, ಇಷ್ಟು ಓದಿದವರಿಗೂ — ಕನಸು? ಕನಸು ಯಾವುದರಲ್ಲಿ ಬೀಳುತ್ತದೆ ಇವಳಿಗೆ? ಕೇಳಿದರೆ ಏನೆಂದುಕೊಳ್ಳುತ್ತಾಳೋ.

ಹನ್ನೆರಡಕ್ಕೆ ಪಟ್ಟಿ ಮುಗಿಯುತ್ತದೆ ಎಂದು ಹೆಡ್ ಮೇಷ್ಟ್ರು ಮುಕುಂದಯ್ಯನವರು ಎರಡು ಸಲ ಹೇಳಿಯಾಗಿದೆ, ಬಂದವರು ಮೂವತ್ತೊಂದು ಮಕ್ಕಳು, ಇರುವ ಜಾಗ ಇಪ್ಪತ್ತೈದು, ಗಡಿಯಾರದಲ್ಲಿ ಹನ್ನೊಂದೂಕಾಲು, ಇವತ್ತು ಮೇ ಇಪ್ಪತ್ತೊಂಬತ್ತು, ಸೋಮವಾರ, ಗಂಡ ಬೆಳ್ಳಪ್ಪನ ಬಸ್ಸು ಈ ಹೊತ್ತಿಗೆ ತೀರ್ಥಹಳ್ಳಿಯಿಂದ ಹೊರಟು ಹೊಸನಗರ ಮುಟ್ಟಿರಬೇಕು, ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸೀಟಿ, ಹಿಂದೆ ಹೋಗ್ರೀ ಹಿಂದೆ ಹೋಗ್ರೀ, ವರದಹಳ್ಳಿ ಆಶ್ರಮಕ್ಕೆ ಹೋಗೋರು ಸಾಗರದಲ್ಲಿ ಇಳ್ಕಳ್ರೀ. ಅವನು ರಾತ್ರಿ ಊಟಕ್ಕೆ ಕೂತು ಹೇಳಿದ್ದು ಇಷ್ಟೇ, ನೀನೇ ನೋಡಿ ಬಾ ಮಾರಾಯ್ತಿ, ಸರಿ ಅನ್ಸಿದ್ರೆ ರುಜು ಹಾಕು, ಇಲ್ಲಾಂದ್ರೆ ಊರ ಸರ್ಕಾರಿ ಶಾಲೆ ಎಲ್ಲೂ ಓಡಿ ಹೋಗಲ್ಲ. ಓಡಿ ಹೋಗುವುದಿಲ್ಲ, ನಿಜ, ನಾಲ್ಕು ಕ್ಲಾಸಿಗೆ ಒಬ್ಬರೇ ಮೇಷ್ಟ್ರು, ಅವರು ಒಳ್ಳೆಯವರೇ, ಹಾಜರಿ ಕರೆದು ಮುಗಿಸುವಷ್ಟರಲ್ಲಿ ಹತ್ತೂವರೆ. ಆದರೆ ಬೆಳ್ಳಪ್ಪನಿಗೆ ಈ ಶಾಲೆಯೇ ಬೇಕಾಗಿದೆ ಎಂದು ಅವಳಿಗೆ ಗೊತ್ತು, ಬಾಯಿಬಿಟ್ಟು ಹೇಳುವವನಲ್ಲ, ಎರಡು ವರ್ಷದ ಹಿಂದೆ ಬಸ್ಸಿಗೆ ಹತ್ತಿದ ಇಬ್ಬರು ಇಂಜಿನಿಯರುಗಳು ಟಿಕೆಟ್ಟು ಕೊಡುವ ಅವನ ಮುಖ ನೋಡಿ ಇಂಗ್ಲಿಷಿನಲ್ಲಿ ಏನೋ ಆಡಿಕೊಂಡು ನಕ್ಕರಂತೆ, ಅವನೂ ನಕ್ಕನಂತೆ, ಇಳಿದುಹೋದ ಮೇಲೆ ತಾನು ಯಾಕೆ ನಕ್ಕೆ ಎಂದು ಹೊಳೆಯಿತಂತೆ. ಇವತ್ತಿಗೂ ಗೊತ್ತಿಲ್ಲ ಕಣೆ ಏನಂದ್ರು ಅಂತ, ಬೈದಿದ್ರೆ ಬೈಲಿ, ಹೊಗಳಿದ್ರೋ ಏನೋ, ಮೂಗಿಗೆ ಮಸಿ ಹತ್ತಿತ್ತೋ ಏನೋ! ಎರಡು ವರ್ಷ ಅದೇ ಒಂದು ವಾಕ್ಯವನ್ನು ಹೊತ್ತುಕೊಂಡು ಸಾಗರ ತೀರ್ಥಹಳ್ಳಿ ನಡುವೆ ಓಡಾಡುತ್ತಿದ್ದಾನೆ, ಅವರು ಬೇರೆಯವರ ಸುದ್ದಿ ಆಡಿರಬಹುದು ಎಂದರೆ ಒಪ್ಪುವುದಿಲ್ಲ. ಅತ್ತೆ ಕೆರಿಯಮ್ಮನದು ಬೇರೆಯೇ ಮಾತು, ಇಂಗ್ಲೀಷ್ ಕಲ್ತು ಯಾರ್ ಹತ್ರ ಆಡ್ತಾವೆ ಇವು, ಎಮ್ಮೆ ಹತ್ರನಾ? ಅಜ್ಜಿ, ಎಮ್ಮೆಗೂ ಕಲಿಸ್ತೀವಿ ಎಂದು ಮಾರಿ ಕುಣಿದ, ಎಲ್ಲರೂ ನಕ್ಕರು, ಗುತ್ತಿ ನಗಲಿಲ್ಲ, ಎಮ್ಮೆಗೆ ಇಂಗ್ಲಿಷಿನಲ್ಲಿ ಎಂತ ಅಂತಾರೆ ಎಂದು ಅಪ್ಪನನ್ನು ಕೇಳಿದಳು, ಅಪ್ಪನಿಗೆ ಗೊತ್ತಿರಲಿಲ್ಲ.

ತನಗೆ ಗೊತ್ತಿರುವುದು ಒಂದೇ ಒಂದು. ಈಗ್ರೆಟ್. ತವರು ಮಂಡಗದ್ದೆ, ಮಳೆಗಾಲ ಶುರುವಾದರೆ ತುಂಗೆಯ ನಡುವಿನ ಮರಗಳ ಮೇಲೆಲ್ಲ ಬೆಳ್ಳಕ್ಕಿ, ನಾಲ್ಕನೇ ಕ್ಲಾಸಿನಲ್ಲಿದ್ದಾಗ ಫಾರೆಸ್ಟಿನ ಸಾಹೇಬರೊಬ್ಬರು ದುರ್ಬೀನು ಹಿಡಿದು ಬಂದಿದ್ದರು, ಹೊಳೆ ದಂಡೆಯಲ್ಲಿ ನಿಂತ ಮಕ್ಕಳಿಗೆಲ್ಲ ಒಂದೊಂದು ಸಲ ಕಣ್ಣಿಗಿಟ್ಟು ತೋರಿಸಿದರು, ಈಗ್ರೆಟ್, ಈಗ್ರೆಟ್ ಅನ್ನಿ. ದುರ್ಬೀನಿನಲ್ಲಿ ಹಕ್ಕಿ ಎಷ್ಟು ಹತ್ತಿರ ಬಂತೆಂದರೆ ಕಣ್ಣಿನ ಸುತ್ತಲಿನ ಹಸಿರು ಕಂಡಿತು, ದಿನಾ ನೋಡುವ ಬೆಳ್ಳಕ್ಕಿಗೆ ಹಸಿರು ಕಣ್ಣಂಚು ಇರಲೇ ಇಲ್ಲ, ಹಾಗಾಗಿ ಬಹಳ ದಿನ ಅವಳು ಬೆಳ್ಳಕ್ಕಿ ಬೇರೆ, ಈಗ್ರೆಟ್ ಬೇರೆ ಎಂದೇ ತಿಳಿದಿದ್ದಳು, ಎರಡೂ ಒಂದೇ ಮರದಲ್ಲಿ ಇರುತ್ತವೆ, ಒಂದು ದೂರದ್ದು, ಒಂದು ಹತ್ತಿರದ್ದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಹದಿನೆಂಟು ವರ್ಷ ಆ ಶಬ್ದ ನಾಲಿಗೆಯಡಿಯಲ್ಲಿ ಇದೆ, ಆಡಲಿಕ್ಕೆ ಒಂದು ಜಾಗ ಸಿಗಲಿಲ್ಲ, ಮದುವೆಯಾದ ಹೊಸದರಲ್ಲಿ ಗದ್ದೆಯ ಬದುವಿನಲ್ಲಿ ಒಂದು ಬೆಳ್ಳಕ್ಕಿ ಕಂಡು ಗಂಡನ ಮುಂದೆ ಅಂದಳು, ಅವನು ಏನು ಸಿಗರೇಟಾ ಎಂದ. ಒಂದು ಶಬ್ದಕ್ಕೇ ಒಂದು ಹಕ್ಕಿ ಹೆಚ್ಚಾಯಿತು, ದಿನಕ್ಕೆ ಹತ್ತು ಶಬ್ದ ಕಲಿಯುವ ಮಕ್ಕಳಿಗೆ ಏನೇನು ಹೆಚ್ಚಾಗಬಹುದು, ಅದನ್ನೆಲ್ಲ ಎಲ್ಲಿ ಇಟ್ಟುಕೊಳ್ಳುತ್ತವೆ, ಒಂದು ಬಂದಾಗ ಇನ್ನೊಂದು ಜಾಗ ಬಿಟ್ಟು ಏಳುತ್ತದೆಯೋ, ಬಸ್ಸಿನಲ್ಲಿ ಸರಿದು ಕೂರುವ ಹಾಗೆ ಸರಿದು ಕೂರುತ್ತದೆಯೋ —

ರಂಗಮ್ಮನವರು ಬನ್ನಿ, ಮುಕುಂದಯ್ಯನವರು ಕರೆದರು, ಅವಳು ಎದ್ದಳು, ಸೆರಗು ಸರಿಮಾಡಿಕೊಂಡಳು, ಮೇಜಿನ ಮೇಲೆ ಎರಡು ಸ್ಲೇಟು ಪಕ್ಕಪಕ್ಕದಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆ, ಹತ್ತು ನಿಮಿಷದಲ್ಲಿ ನಿಮ್ಮ ಮನೆ ಬರೀರಿ. ಮಾರಪ್ಪನದು ನೋಡಿ ಎಂದರು, ಚುರುಕಾಗಿದಾನೆ, ತಗೋತೀವಿ. ಮಾರಿಯ ಸ್ಲೇಟಿನಲ್ಲಿ ಮೂರು ಮೂಲೆಯ ಮಾಡು, ಒಂದು ಬಾಗಿಲು, ಎರಡು ಕಿಟಕಿ, ಪಕ್ಕದಲ್ಲಿ ತೆಂಗಿನಮರ, ಮೇಲೆ ಸೂರ್ಯ — ತಮ್ಮ ಮನೆಗೆ ಕಿಟಕಿ ಒಂದೇ, ತೆಂಗಿನಮರ ಇಲ್ಲವೇ ಇಲ್ಲ, ಪಕ್ಕದಲ್ಲಿರುವುದು ಹಲಸು, ಪಕ್ಕದ ಹುಡುಗನದನ್ನು ನೋಡಿಕೊಂಡು ಬರೆದಿದ್ದಾನೆ ಕಳ್ಳ, ಆ ಹುಡುಗನ ಮನೆಯಲ್ಲಾದರೂ ತೆಂಗಿನಮರ ಇದೆಯೋ ಇಲ್ಲವೋ. ಇನ್ನೊಂದು ಸ್ಲೇಟು ಗುತ್ತಿಯದು. ಸುತ್ತಲಿನ ಮರದ ಕಟ್ಟಿನ ಒಳಮೈಗೆ ಹತ್ತಿ ಮೂರು ಗೆರೆ, ಕೂದಲೆಳೆಯಷ್ಟು ಸಣ್ಣ, ಎಲ್ಲೂ ಅಲುಗಿಲ್ಲ, ಗೆರೆ ಗೆರೆಯ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡಗೆರೆ, ಮೂರು ಬದಿ ಮುಗಿದು ನಾಲ್ಕನೆಯದರ ಅರ್ಧಕ್ಕೆ ಗಂಟೆ ಹೊಡೆದಿದೆ, ನಡುವೆ ಏನೂ ಇಲ್ಲ, ಅಂಗೈಯಗಲದ ಒಂದು ಖಾಲಿ ಚೌಕ. ಮಿಸ್ಸು ಮೂರು ಸಲ ಕೇಳಿದಾರೆ ಮನೆ ಎಲ್ಲಮ್ಮಾ ಅಂತ, ನಿಮ್ಮ ಹುಡುಗಿ ತಲೆ ಎತ್ತಿಲ್ಲ, ಮುಕುಂದಯ್ಯನವರ ದನಿಯಲ್ಲಿ ಕೊಂಕು ಇರಲಿಲ್ಲ, ಹೇಳಿದ್ದು ತಿಳೀಲಿಲ್ವೋ, ಕಿವಿ ಸ್ವಲ್ಪ ಮಂದವೋ, ಇದೊಂದು ವರ್ಷ ಹೋಗ್ಲಿ ತಾಯಿ, ಬರೋ ವರ್ಷ ನೋಡೋಣ. ಬರುವ ವರ್ಷ, ಹೋದ ವರ್ಷ ಇಬ್ಬರಿಗೂ ದಡಾರ ಎದ್ದು ಹೋಯಿತು, ಈ ವರ್ಷ ಗೆರೆ ಎಳೆದು ಹೋದರೆ ಬರುವ ವರ್ಷಕ್ಕೆ ಎಂಟು, ಎಂಟಾದ ಹುಡುಗಿಯನ್ನು ಒಂದನೇ ಕ್ಲಾಸಿಗೆ ಕಳಿಸು ಎಂದರೆ ಅತ್ತೆ ಬಿಡುತ್ತಾಳೆಯೇ, ತನ್ನನ್ನು ನಾಲ್ಕಕ್ಕೆ ಬಿಡಿಸಿದಾಗ ಯಾರೂ ಶಾಲೆ ಬೇಡ ಎಂದಿರಲಿಲ್ಲ, ಬರುವ ವರ್ಷ ನೋಡೋಣ ಎಂದೇ ಅಂದಿದ್ದರು.

ಕಿವಿ ಮಂದವಲ್ಲ. ಆ ಗೆರೆ ಎಲ್ಲಿಂದ ಬಂತೆಂದು ರಂಗಮ್ಮನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಗಂಡನ ಮನೆಯ ಕಡೆ ಮದುವೆಗೆ ಹಸೆಗೋಡೆ ಬರೆಯುತ್ತಾರೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ, ಸುತ್ತಲ ಏಳೂರಿಗೆ ಅದನ್ನು ಬರೆಯುವವಳು ಕೆರಿಯಮ್ಮ, ಪುಂಡಿ ನಾರು ಜಜ್ಜಿ ಕುಂಚ ಮಾಡಿಕೊಂಡು, ಸ್ಟೂಲು ಹತ್ತಿ, ಮೂರು ದಿನ. ಗುತ್ತಿ ಬಣ್ಣದ ಬಟ್ಟಲು ಹಿಡಿದು ಹಿಂದೆಯೇ ನಿಲ್ಲುತ್ತಾಳೆ, ನಾಲ್ಕು ವರ್ಷದವಳಿದ್ದಾಗಿನಿಂದ, ಮೊದ್ಲು ಅಂಚು ಕಣೆ ಹುಡುಗಿ, ಅಂಚಿಲ್ದೆ ಒಳಗಿಂದು ಎಲ್ಲಿ ನಿಲ್ತದೆ, ಅಂಚು ಕೂಡೋ ತಂಕ ಮಾತಾಡ್ಬಾರ್ದು, ಮಾತಾಡಿದ್ರೆ ಎಳೆ ಅಲ್ಲಾಡ್ತದೆ ಎನ್ನುತ್ತಾಳೆ ಅಜ್ಜಿ. ಅದಕ್ಕೇ ತಲೆ ಎತ್ತಿಲ್ಲ. ಮನೆ ಬರಿ ಎಂದರೆ ಅವಳಿಗೆ ಗೋಡೆಯೇ ಕಣ್ಣಿಗೆ ಬಂದಿದೆ. ತಾನೋ ಮಂಡಗದ್ದೆಯವಳು, ತವರಿನ ಮನೆಯಲ್ಲಿ ಗೋಡೆಗೆ ಬರೀ ಸುಣ್ಣ, ಹಸೆಗೋಡೆ ಕಂಡದ್ದೇ ಮದುವೆಯ ದಿನ, ಕಂಡದ್ದೂ ಎಲ್ಲಿ, ಗೋಡೆಗೆ ಬೆನ್ನು ಹಾಕಿ ಕೂರಿಸಿದರು, ಬಂದವರೆಲ್ಲ ತನ್ನ ತಲೆಯ ಹಿಂದೆ ನೋಡಿ ಆಹಾ ಎನ್ನುತ್ತಿದ್ದರು, ಏನಿದೆ ಹಿಂದೆ ಎಂದು ತಿರುಗಲು ಹೋದರೆ ಗಂಡನ ಅಕ್ಕ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದಳು, ಮದುಮಗಳು ಹಿಂಗೆ ಇಣುಕ್ತಾಳಾ! ಅಂಚು ಕೂಡಿದ ಮೇಲೆ ನಡುವೆ ಬರುವುದನ್ನು ಕೆರಿಯಮ್ಮ ಮೊದಲೇ ಹೇಳುವವಳಲ್ಲ, ಒಂದು ಮನೆಯದರಂತೆ ಇನ್ನೊಂದು ಮನೆಯದಿಲ್ಲ, ಯಾರ ಮದುವೆಯೋ ಅವರ ನಡು. ಏಳು ವರ್ಷದ ಹುಡುಗಿ ಆ ಚೌಕದಲ್ಲಿ ಏನಿಡಬೇಕೆಂದುಕೊಂಡಿದ್ದಳು?

ಇದನ್ನು ಹೇಳಬೇಕೋ ಬೇಡವೋ ಎನ್ನುವಷ್ಟರಲ್ಲಿ ಬಾಯಿ ಹೇಳಿಬಿಟ್ಟಿತ್ತು, ಕಿವಿ ಸರಿಯಾಗಿದೆ ಸಾರ್, ಅದು ಅಂಚು, ನಮ್ಮಲ್ಲಿ ಮೊದ್ಲು ಅಂಚು, ಮನೆ ಆಮೇಲೆ, ನಮ್ಮತ್ತೆ ಅಂಚಿಗೇ ಒಂದು ದಿನ ತಗೋತಾರೆ. ಮುಕುಂದಯ್ಯನವರು ಕನ್ನಡಕ ತೆಗೆದರು, ಸ್ಲೇಟನ್ನು ಬೆಳಕಿಗೆ ಹಿಡಿದರು, ಒಂದು ದಿನ? ಹತ್ತು ನಿಮಿಷದ ಪರೀಕ್ಷೇಲಿ ಒಂದು ದಿನದ ಕೆಲಸ ಹಿಡ್ಕಂಡು ಕೂತ್ರೆ ನಾವೇನ್ ಮಾಡೋದು ತಾಯಿ, ನಕ್ಕರು, ಮಿಸ್ಸೂ ನಕ್ಕಳು, ಆಮೇಲೆ ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು, ಹೋಗ್ಲಿ, ಇನ್ನು ಹತ್ತು ನಿಮಿಷ ಕೊಡ್ತೀನಿ, ಎಲ್ರಿಗೂ ಕೊಟ್ಟಿದ್ದಕ್ಕಿಂತ ಡಬ್ಬಲ್ಲು, ಮನೆ ಅಂತ ಒಂದು ಕಾಣ್ಲಿ, ಸೇರಿಸ್ಕೋತೀನಿ. ಅಲ್ಲೀ ತಂಕ ಹುಡುಗನದಕ್ಕೆ ರುಜು ಹಾಕಿಬಿಡಿ.

ಪೆನ್ನು ಕೈಗೆ ಬಂತು, ಮಾರಪ್ಪ ಬಿನ್ ಬೆಳ್ಳಪ್ಪ, ಚುಕ್ಕೆ ಚುಕ್ಕೆ ಗೆರೆ, ರುಜು ಹಾಕಿದರೆ ಮುಗಿಯಿತು, ಒಂದು ಮಗುವಾದರೂ — ಮಾರಿ ಬೆಳಿಗ್ಗೆ ಅಪ್ಪನ ಬಸ್ಸಿಗೆ ಹತ್ತಿ ಬರುತ್ತಾನೆ, ಸಂಜೆ ಇಳಿಯುತ್ತಾನೆ, ದಿನಕ್ಕೆ ಹತ್ತು ಶಬ್ದ, ಮಳೆಗಾಲ ಮುಗಿಯುವಷ್ಟರಲ್ಲಿ ಮಾತು, ಗುತ್ತಿ ಊರಿನಲ್ಲಿ. ಎರಡೂ ಒಂದೇ ಕಂಬಳಿಯಲ್ಲಿ ಮಲಗಿ ಗುಸುಗುಸು ಎನ್ನುತ್ತವೆ, ಬೆಳಗಾದರೆ ಒಂದರ ಕನಸನ್ನು ಇನ್ನೊಂದು ಹೇಳುತ್ತದೆ, ಆಮೇಲೆ ಒಂದು ದಿನ ಮಾರಿ ಇಂಗ್ಲಿಷಿನಲ್ಲಿ ಏನೋ ಅಂದು ನಗುತ್ತಾನೆ, ಕೆಟ್ಟ ಬುದ್ಧಿಯಿಂದಲ್ಲ, ಸುಮ್ಮನೆ, ಬಂತೆಂದು, ಗುತ್ತಿಯೂ ನಗುತ್ತಾಳೆ, ಆಮೇಲೆ ತಾನು ಯಾಕೆ ನಕ್ಕೆ ಎಂದು ಅವಳಿಗೆ ಹೊಳೆಯುತ್ತದೆ — ಹೆಗಲಿಗೆ ಚೀಲ ಹಾಕಿಕೊಂಡು ಬೆಳ್ಳಪ್ಪ ನಿಂತ ಹಾಗೆ ಅವಳು ನಿಲ್ಲುವುದು ರಂಗಮ್ಮನಿಗೆ ಕಂಡಿತು, ಅದೇ ಮನೆಯಲ್ಲಿ, ಅದೇ ಕಂಬಳಿಯ ಮೇಲೆ. ಪೆನ್ನಿನ ಮುಚ್ಚಳ ಹಾಕಿದಳು. ಇಬ್ರನ್ನೂ ತಗೊಂಡ್ರೆ ಇಬ್ರಿಗೂ ರುಜು ಹಾಕ್ತೀನಿ ಸಾರ್, ಒಬ್ನೇ ಆದ್ರೆ ಬ್ಯಾಡ, ಇಬ್ರೂ ಊರ ಶಾಲೆಗೇ ಹೋಗ್ಲಿ. ನಿಮ್ಮ ಯಜಮಾನರನ್ನ ಕೇಳಿದ್ರಾ? ಅವರು ಬಸ್ಸಲ್ಲಿದಾರೆ. ಮುಕುಂದಯ್ಯನವರು ಅವಳನ್ನೊಮ್ಮೆ ನೋಡಿ, ಗಡಿಯಾರ ನೋಡಿ, ಸರಿ ಶುರು ಮಾಡ್ಲಿ ಎಂದರು.

ಗುತ್ತಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಬಳಪದ ತುದಿಯನ್ನು ಸಿಮೆಂಟಿಗೆ ತಿಕ್ಕಿ ಚೂಪು ಮಾಡಿಕೊಂಡಳು, ಅದಕ್ಕೇ ಒಂದು ನಿಮಿಷ, ನಡುವಿಗೆ ಕೈ ಇಡಲಿಲ್ಲ, ನಾಲ್ಕನೆಯ ಬದಿಯಲ್ಲಿ ನಿಂತಲ್ಲಿಂದಲೇ ಎತ್ತಿಕೊಂಡಳು, ಒಂದೆಳೆ, ಎರಡೆಳೆ, ಅಡ್ಡಗೆರೆ, ಅಡ್ಡಗೆರೆ, ಮೂರು ನಿಮಿಷ, ನಾಲ್ಕು, ಮಾರಿ ಬಂದು ಬಗ್ಗಿ ನೋಡಿ ಮನೆ ಬರಿಯೇ ಎಂದ, ಅವಳು ಎಡಗೈಯಿಂದ ಅವನನ್ನು ತಳ್ಳಿದಳು, ಬಲಗೈ ಅಲುಗಲಿಲ್ಲ. ರಂಗಮ್ಮ ಪಕ್ಕಕ್ಕೆ ಕುಕ್ಕರಿಸಿದಳು, ಮಗಳ ಕಿವಿಯ ಬಳಿ ಹರಳೆಣ್ಣೆಯ ವಾಸನೆ, ಮಾರಿ ಬರ್ದಂಗೆ ಒಂದು ಬರ್ದ್ಬಿಡೆ, ಮಾಡು, ಬಾಗ್ಲು, ತೆಂಗಿನಮರ, ಆಮೇಲೆ ಅಂಚು ಬರ್ಕೊಳ್ಳುವಿಯಂತೆ — ಇಷ್ಟು ಹೇಳಿದರೆ ಸಾಕು, ಎರಡು ನಿಮಿಷದ ಕೆಲಸ, ಮೇಷ್ಟ್ರು ಕಂಡೂ ಕಾಣದಂತೆ ಕಿಟಕಿಯ ಕಡೆ ತಿರುಗಿ ನಿಂತಿದ್ದಾರೆ, ಹೇಳು ಎಂದೇ ತಿರುಗಿದ್ದಾರೆಯೋ ಏನೋ, ಆರು ನಿಮಿಷ, ಮಾತು ಹಲ್ಲಿನ ಹಿಂದೆ ಬಂದು ನಿಂತಿದೆ, ಬಂದು ನಿಂತದ್ದು ಅಲ್ಲೇ ನಿಂತಿದೆ, ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದ ಆ ಕೈ, ಇಣುಕ್ತಾಳಾ, ಇಣುಕುತ್ತೇನೆ, ಇವತ್ತು ಬೆನ್ನು ಹಾಕಿಲ್ಲ, ಗೋಡೆಯ ಕಡೆಗೇ ಮುಖ, ಏಳು ನಿಮಿಷ, ಭಯವಾಗಬೇಕಿತ್ತು, ಆಗುತ್ತಿಲ್ಲ, ಊರ ಶಾಲೆಯಾದರೆ ಊರ ಶಾಲೆ, ನಡುವೆ ಏನು ಬರುತ್ತದೆ ಎಂದು ನೋಡಬೇಕಷ್ಟೆ, ಹಕ್ಕಿಯ ಕಣ್ಣಿನ ಸುತ್ತಲಿನ ಹಸಿರಿನಷ್ಟು ಹತ್ತಿರದಿಂದ, ಮಿಸ್ಸೂ ಹತ್ತಿರ ಬಂದು ಬಗ್ಗಿದ್ದಾಳೆ, ಮೂರನೆಯ ಎಳೆ ಸಾಗುತ್ತಿದೆ, ಎಂಟು, ಮೂಲೆಗೆ ಇನ್ನು ಒಂದು ಬೆರಳು, ಅರ್ಧ ಬೆರಳು, ಕೂಡಿತು. ಗುತ್ತಿ ತಡೆದಿದ್ದ ಉಸಿರು ಬಿಟ್ಟಳು, ಸ್ಲೇಟಿನ ಮೇಲಿನ ಪುಡಿ ಊದಿದಳು, ಬಳಪ ಎತ್ತಿ ನಡುವಿಗೆ ತಂದಳು, ಇನ್ನೂ ಇಟ್ಟಿಲ್ಲ, ಕೆಳಗೆ ಅಂಗೈಯಗಲದ ಆ ಖಾಲಿ ಚೌಕ, ಸುತ್ತ ಅಂಚು, ಒಳಗೆ ಆ ಖಾಲಿ ಚೌಕ.