ಕೊನೆಯ ಗುಟುಕಿನ ಬೆಳ್ಳಿ ಚಮಚ

ನಾನು ಒಂದು ಚಮಚ. ಉಪ್ಪಿಟ್ಟು ತಿನ್ನುವ ಚಮಚ ಅಂದುಕೊಂಡೀರಿ ಮತ್ತೆ! ಅಪ್ಪಟ ಬೆಳ್ಳಿ ನಾನು. ನಲವತ್ತಕ್ಕೂ ಹೆಚ್ಚು ವರ್ಷ ಕಾಫಿಯಲ್ಲೇ ಮುಳುಗೆದ್ದಿದ್ದೇನೆ, ಒಂದು ಹನಿಯನ್ನೂ ಕುಡಿದವನಲ್ಲ.

ಚಮಚವಾಗುವ ಮುಂಚೆ ನಾನು ಒಂದು ಜೊತೆ ಕಾಲ್ಗೆಜ್ಜೆಯಾಗಿದ್ದೆ. ವಿರಾಜಪೇಟೆಯ ಒಂದು ಮನೆಯಲ್ಲಿ ಗುಂಡು ಮಗುವೊಂದು ಗೋಡೆ ಹಿಡಿದು ನಡೆಯಲು ಕಲಿಯುತ್ತಿತ್ತು. ಅದು ಹೆಜ್ಜೆಯಿಟ್ಟಾಗಲೆಲ್ಲ ಝಲ್ಲೆನ್ನುತ್ತಿದ್ದದ್ದು ನಾನೇ. ಈಗಲೂ ಮಂಪರು ಹತ್ತಿದಾಗ ಆ ಸದ್ದು ಕೇಳಿಸುತ್ತದೆ. ಆಮೇಲೆ ಎಷ್ಟು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದೆನೋ ಲೆಕ್ಕವಿಲ್ಲ. ಕಣ್ಣು ಬಿಟ್ಟಾಗ ಆ ಮಗುವಿಗೆ ಮೀಸೆ ಬಂದಿತ್ತು, ಹಾಸನದ ಕಾಫಿ ಕ್ಯೂರಿಂಗ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು.

"ರುಚಿ ನೋಡೋ ಕೆಲಸವಂತೆ. ಕಂಡಕಂಡ ಚಮಚ ಬಾಯಿಗಿಟ್ಟುಕೊಂಡೀಯ!" ಎಂದು ಅವನ ಅಮ್ಮ ನನ್ನನ್ನು ಅಕ್ಕಸಾಲಿಗನ ಕೈಗೆ ಕೊಟ್ಟರು. ಕರಗಿ, ತಣ್ಣಗಾಗಿ, ನೋಡಿಕೊಂಡರೆ ನನಗೆ ಗುಂಡು ಹೊಟ್ಟೆ, ಉದ್ದ ಹಿಡಿ. ಆ ಮಗನ ಹೆಸರು ಪೂಣಚ್ಚ. ಮುಂದೆ ಫ್ಯಾಕ್ಟರಿಗೆಲ್ಲ ಪೂಣಚ್ಚ ಸರ್, ಮ್ಯಾನೇಜರ್.

ತೋಟಗಳಿಂದ ಒಣಗಿ ಬಂದ ಕಾಫಿಯ ಸಿಪ್ಪೆ ಸುಲಿದು, ಬೀಜ ಆರಿಸಿ, ಮೂಟೆ ಕಟ್ಟಿ ಹಡಗಿಗೆ ಕಳಿಸುವ ಜಾಗ ಅದು. ಕಳಿಸುವ ಮುಂಚೆ ಮಹಡಿಯ ಕೋಣೆಯಲ್ಲಿ ರುಚಿ ನೋಡಬೇಕು. ಸಾಲಾಗಿ ಬಿಳಿ ಪಿಂಗಾಣಿ ಕಪ್ಪುಗಳು, ಅವುಗಳಿಂದ ಏಳುವ ಹಬೆ, ಪಕ್ಕದಲ್ಲಿ ಉಗುಳಲು ಬಕೆಟ್ಟು. ಚಮಚದಲ್ಲಿ ಎತ್ತಿ ಸುರ್ರೆಂದು ಎಳೆಯಬೇಕು, ನಾಲಿಗೆ ಮೇಲೆ ಆಡಿಸಬೇಕು, ಉಗುಳಬೇಕು. ಬೇರೆ ವಾಸನೆ ಬೆರೆಯಬಾರದೆಂದು ಆ ಕೋಣೆಯೊಳಗೆ ಮುಖಕ್ಕೆ ಪೌಡರ್ ಇಲ್ಲ, ಈರುಳ್ಳಿ ತಿಂದ ಬಾಯಿಲ್ಲ, ಊದುಬತ್ತಿ ಇಲ್ಲ.

ಪೂಣಚ್ಚ ಸರ್‌ಗೆ ಒಂದು ಅಭ್ಯಾಸ. ಅವರು ಯಾವತ್ತೂ ಮೊದಲು ಬಾಯಿ ಬಿಡುತ್ತಿರಲಿಲ್ಲ. "ನಾನು ಹೇಳಿಬಿಟ್ಟರೆ ನಿಮ್ಮ ನಾಲಿಗೆ ನನ್ನ ಮಾತು ಕೇಳುತ್ತೆ. ನೀವು ಬರೆದಿಡಿ, ನಾನು ಕೊನೆಗೆ ಹೇಳ್ತೀನಿ" ಎನ್ನುತ್ತಿದ್ದರು. ಕೊನೆಯ ಗುಟುಕು ಅವರದು. ಅಲ್ಲಿಯವರೆಗೆ ನಾನು ಬಿಸಿನೀರಿನ ಲೋಟದಲ್ಲಿ ತೂಕಡಿಸುತ್ತಿದ್ದೆ.

ಚಂದ್ರಮತಿ ಆ ಕೋಣೆಗೆ ಬಂದದ್ದು ಕೆಳಗಿನ ಹಾಲ್‌ನಿಂದ. ಅಲ್ಲಿ ಇನ್ನೂರು ಹೆಂಗಸರು ನೆಲದ ಮೇಲೆ ಕೂತು ಕೆಟ್ಟ ಬೀಜ ಆರಿಸುತ್ತಾರೆ. ಇವಳು ಒಂದು ದಿನ ಬೊಗಸೆ ಬೀಜ ಮೂಸಿ, "ಈ ಮೂಟೆ ಎಲ್ಲೋ ನೆಂದಿದೆ ಸರ್" ಎಂದಳಂತೆ. ಬಿಚ್ಚಿ ನೋಡಿದರೆ ತಳದಲ್ಲಿ ಮುಗ್ಗಲು ಹಿಡಿದಿತ್ತು. ಸರ್ ಅವಳನ್ನು ಮೇಲೆ ಕರೆತಂದು ಟೇಸ್ಟರ್ ಮಾಡಿದರು. "ಬೀಜ ಆರಿಸೋಳಿಗೆ ಚಮಚ ಕೊಟ್ಟರಲ್ಲಪ್ಪ!" ಎಂದು ಫ್ಯಾಕ್ಟರಿಯೆಲ್ಲ ಗುಸುಗುಸು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೊದಲ ವಾರವೇ ಅವಳು ಎಡವಟ್ಟು ಮಾಡಿದಳು ನೋಡಿ. ಹನ್ನೆರಡು ಕಪ್ಪನ್ನೂ ಸುರ್ರೆನಿಸಿ, ಕಣ್ಣರಳಿಸಿ, "ಎಲ್ಲಾದರಲ್ಲೂ ಹೂವಿನ ಪರಿಮಳ ಸರ್!" ಎಂದಳು. ಉಳಿದಿಬ್ಬರು ಟೇಸ್ಟರ್‌ಗಳು ತುಟಿ ಕಚ್ಚಿಕೊಂಡು ನಗು ತಡೆದರು. ಯಾಕೆಂದರೆ ಅವಳ ಜಡೆಯಲ್ಲಿ ಒಂದು ಮೊಳ ಮಲ್ಲಿಗೆ! ಹೂವೂ ಮುಡಿಯಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸರ್ ನಗಲಿಲ್ಲ. "ಬರೆದಿಡಿ. ನಾಳೆ ಇನ್ನೊಂದ್ಸಲ ನೋಡೋಣ" ಎಂದರಷ್ಟೆ.

ಸಂಜೆ ಮನೆಯಲ್ಲಿ ಜಡೆ ಬಿಚ್ಚುವಾಗ ಅವಳಿಗೆ ಹೊಳೆಯಿತಂತೆ. ಮಾರನೆಯ ದಿನ ಬೋಳು ಜಡೆ, ಸಣ್ಣಗಾದ ಮುಖ. ಅದೇ ಹನ್ನೆರಡು ಕಪ್ಪು. "ಹೂವಿಲ್ಲ ಸರ್" ಎಂದಳು, ನೆಲ ನೋಡುತ್ತಾ. ಸರ್ ನನ್ನನ್ನೆತ್ತಿ ಕೊನೆಯ ಗುಟುಕು ಎಳೆದರು. ಎಲ್ಲರಿಗೂ ಕೇಳುವಂತೆ ಹೇಳಿದರು: "ನಿನ್ನೆ ಈ ಕೋಣೆಯಲ್ಲಿ ಹೂವಿತ್ತು, ಇವತ್ತಿಲ್ಲ. ಚಂದ್ರಮತಿಯವರು ಎರಡು ದಿನವೂ ಸರಿಯಾಗೇ ಹೇಳಿದ್ದಾರೆ."

ಅವಳ ಕಣ್ಣು ತುಂಬಿಕೊಂಡವು. ನನಗೂ ತುಂಬ ಹೆಮ್ಮೆಯಾಯಿತು. ಈ ಸರ್ ಪುಟ್ಟ ಕಾಲಿನಲ್ಲಿ ಝಲ್ಲೆಂದಿದ್ದವನಲ್ಲವೇ ನಾನು!

ಹೀಗೇ ಹಬೆಯೊಳಗೆ ವರ್ಷಗಳು ಹೋದವು. ಒಂದು ಗುರುವಾರ ಬೆಳಿಗ್ಗೆ ಹತ್ತು ಕಪ್ಪು ಜೋಡಿಸಿದ್ದರು. ಮೂವರೂ ರುಚಿ ನೋಡಿಯಾಗಿತ್ತು. ಅಷ್ಟರಲ್ಲಿ ಒಣಗಿಸುವ ಕಣದಿಂದ ಯಾರೋ ಕೂಗಿದರು. ಸರ್ ನನ್ನನ್ನು ಲೋಟಕ್ಕಿಳಿಸಿ, "ಬಂದೆ. ಬರೆದಿಟ್ಟಿರಿ" ಎಂದು ಮೆಟ್ಟಿಲಿಳಿದರು. ಕಣದಲ್ಲಿ ಹರಡಿದ್ದ ಕಾಫಿಯ ಮೇಲೇ ಕುಸಿದರಂತೆ. ಎದೆಬಡಿತ ನಿಂತುಹೋಗಿತ್ತು. ಐವತ್ತೆರಡು ವಯಸ್ಸು, ಅದೇನು ಹೋಗುವ ವಯಸ್ಸೇ? ನಾನು ಲೋಟದಲ್ಲಿ ಕಾಯುತ್ತಲೇ ಇದ್ದೆ. ನೀರು ತಣ್ಣಗಾಯಿತು, ಹತ್ತು ಕಪ್ಪೂ ತಣ್ಣಗಾದವು. ಆ ಹತ್ತರ ಬಗ್ಗೆ ಅವರು ಏನು ಹೇಳುತ್ತಿದ್ದರೋ ಯಾರಿಗೂ ಗೊತ್ತಾಗಲಿಲ್ಲ.

ಹನ್ನೆರಡು ದಿನ ಕಳೆದ ಮೇಲೆ ಮಾಲೀಕರು ಮಹಡಿ ಹತ್ತಿ ಬಂದರು. "ನೋಡಮ್ಮ ಚಂದ್ರಮತಿ, ಪೂಣಚ್ಚ ಇದ್ದಾಗ ನಡೀತು. ಆ ನಾಲಿಗೆ ನಿಂದೋ ಅವರದೋ ನನಗೇನು ಗೊತ್ತು? ಈ ಹತ್ತು ಕಪ್ಪಲ್ಲಿ ಒಂದಕ್ಕೆ ಎರಡೇ ಎರಡು ಮುಗ್ಗಲು ಬೀಜ ಹಾಕಿಸಿದ್ದೀನಿ. ಹುಡುಕು. ಆಗಲಿಲ್ಲವೋ, ಬೇಜಾರು ಮಾಡ್ಕೋಬೇಡ, ನಾಳೆಯಿಂದ ಕೆಳಗಿನ ಹಾಲ್‌ಗೆ ಹೋಗು" ಎಂದರು. ಅವರ ಜೇಬಿನಲ್ಲಿ ಕಪ್ಪಿನ ಸಂಖ್ಯೆ ಬರೆದ ಚೀಟಿ ಇತ್ತು.

ಅವಳು ತನ್ನ ಸ್ಟೀಲ್ ಚಮಚ ತೆಗೆದುಕೊಂಡಳು. ಒಂದು, ಎರಡು, ಮೂರು... ಹತ್ತೂ ಆಯಿತು. ಎಲ್ಲ ಒಂದೇ ಥರ. ಮುಖ ಬಿಳಿಚಿಕೊಂಡಿತು. ಮತ್ತೆ ಮೊದಲಿಂದ ನೋಡಿದಳು. ಊಹೂಂ. "ನನ್ನ ನಾಲಿಗೆ ಸರ್ ಜೊತೆಗೇ ಹೋಯ್ತು ಜವರಪ್ಪಣ್ಣ" ಎಂದಳು, ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಜವರಪ್ಪನಿಗೆ. ಆ ಮುದುಕ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

ಆಗ ಅವಳು ನನ್ನನ್ನೆತ್ತಿಕೊಂಡಳು. ಹನ್ನೆರಡು ದಿನದ ಮೇಲೆ ಒಂದು ಕೈ ನನ್ನನ್ನು ಮುಟ್ಟಿತು. ಹಬೆಯೊಳಗೆ ನನಗೆ ಕನಸೋ ನನಸೋ ತಿಳಿಯಲಿಲ್ಲ, ಎಲ್ಲೋ ಗೋಡೆ ಹಿಡಿದು ಮಗುವೊಂದು ಹೆಜ್ಜೆಯಿಟ್ಟಂತಾಯಿತು. ಅವಳು ಸುರ್ರೆಂದು ಎಳೆದಳು, ಉಗುಳಿದಳು.

"ಹೂವಿನ ಪರಿಮಳ" ಎಂದಳು ಮೆಲ್ಲಗೆ. ಅಂದವಳೇ ತಟ್ಟನೆ ತಲೆಯೆತ್ತಿದಳು.

ಗೋಡೆಯ ಮೇಲೆ ಪೂಣಚ್ಚ ಸರ್ ಫೋಟೋ. ಅದಕ್ಕೆ ಎರಡು ಮಾರು ಮಲ್ಲಿಗೆ ಹಾರ, ಕೆಳಗೆ ಹೊಗೆಯಾಡುವ ಊದುಬತ್ತಿ. ದಿನಾ ಬೆಳಿಗ್ಗೆ ಜವರಪ್ಪನೇ ಭಕ್ತಿಯಿಂದ ತಂದು ಹಾಕುತ್ತಿದ್ದ. ಅಳುವ ಮನೆಯಲ್ಲಿ ಯಾರಿಗೆ ಹೊಳೆಯಬೇಕು ಇದು!

ಅವಳು ಸ್ಟೂಲ್ ಹತ್ತಿ ಹಾರಕ್ಕೆ ಕೈಹಾಕಿದಳು.

"ಅಯ್ಯಯ್ಯೋ, ಬಿಡ್ತು ಅನ್ನು! ಸತ್ತೋರ ಹಾರ ತೆಗೀತಾರೇನಮ್ಮಾ? ಅನ್ನ ಕೊಟ್ಟೋರು ಕಣವ್ವ ಅವರು!" ಜವರಪ್ಪ ಓಡಿಬಂದ.

"ಅವರು ಇದ್ದಾಗ ಈ ಕೋಣೆಗೆ ಒಂದೆಸಳು ಹೂ ಬಿಟ್ಟಿದ್ದರಾ ಜವರಪ್ಪಣ್ಣ? ಈಗ ಅವರ ಹೆಸರಲ್ಲೇ ಅವರ ಕೋಣೆ ಕೆಡಿಸ್ತಿದ್ದೀವಲ್ಲ" ಎಂದು ಅವಳು ಗಟ್ಟಿಯಾಗಿ ಅತ್ತುಬಿಟ್ಟಳು. ಜವರಪ್ಪ ತಾನೇ ಎರಡೂ ಕೈ ಚಾಚಿ ಹಾರವನ್ನೂ ಫೋಟೋವನ್ನೂ ಇಳಿಸಿಕೊಂಡು ಹೊರಗಿನ ವರಾಂಡಕ್ಕೆ ಒಯ್ದ.

ಕಿಟಕಿಗಳನ್ನೆಲ್ಲ ತೆರೆದರು. ಅರ್ಧ ಗಂಟೆ ಗಾಳಿ ಆಡಿತು. ಅದೇ ಹತ್ತು ಪುಡಿಗೆ ಹೊಸದಾಗಿ ಬಿಸಿನೀರು ಹುಯ್ದರು. ಅವಳು ಸ್ಟೀಲ್ ಚಮಚ ಹಿಡಿದು ಒಂದೊಂದೇ ನೋಡುತ್ತಾ ಬಂದಳು. ಏಳರ ಹತ್ತಿರ ನಿಂತಳು, ಮುಂದೆ ಹೋದಳು, ಮತ್ತೆ ಹಿಂದೆ ಬಂದಳು.

"ಏಳನೇದು" ಎಂದಳು.

ಮಾಲೀಕರು ಚೀಟಿ ತೆಗೆಯಲಿಲ್ಲ. ಎಲ್ಲರೂ ಅಭ್ಯಾಸಬಲದಿಂದ ಸರ್ ನಿಲ್ಲುತ್ತಿದ್ದ ಜಾಗ ನೋಡುತ್ತಿದ್ದರು, ಮಾಲೀಕರೂ ಸಹ. ಕೊನೆಯ ಮಾತು ಯಾವತ್ತೂ ಸರ್ ಅವರದಲ್ಲವೇ? ಆ ಜಾಗ ಖಾಲಿಯಿತ್ತು. ಚಂದ್ರಮತಿ ಹೋಗಿ ಅಲ್ಲಿ ನಿಂತಳು. ನನ್ನನ್ನು ಲೋಟದಿಂದೆತ್ತಿ ಏಳನೇ ಕಪ್ಪಿನಿಂದ ಒಂದು ಗುಟುಕು ಎಳೆದಳು.

"ಏಳನೇದೇ" ಎಂದಳು.

ಚೀಟಿಯಲ್ಲಿ ಏಳೇ ಇತ್ತು.

ಅಂದಿನಿಂದ ಕೊನೆಯ ಗುಟುಕು ಅವಳದಾಯಿತು, ನಾನು ಅವಳವನಾದೆ. ಫೋಟೋ ವರಾಂಡದಲ್ಲೇ ಉಳಿಯಿತು, ಜವರಪ್ಪ ಇರುವವರೆಗೂ ಹಾರ ತಪ್ಪಿಸಲಿಲ್ಲ. ಹದಿನೇಳು ವರ್ಷ ಅವಳು ಕೆಲಸದ ದಿನ ಹೂ ಮುಡಿಯಲಿಲ್ಲ. ನನ್ನ ಅಂಚು ಸವೆಯಿತು, ಅವಳ ಜಡೆ ನರೆಯಿತು.

ರಿಟೈರಾಗುವ ದಿನ ಅವಳು ಬಂದಳು ನೋಡಿ, ತಲೆ ತುಂಬ ಮಲ್ಲಿಗೆ! ವರಾಂಡದ ಫೋಟೋದ ಮುಂದೆ ನಿಂತು, "ಇವತ್ತು ನಾನು ರುಚಿ ನೋಡಲ್ಲ ಸರ್" ಎಂದಳು. ಒಳಗೆ ಬಂದು ಬೀಗದ ಕೈ ಒಪ್ಪಿಸುವಾಗ, ಹೊಸದಾಗಿ ಸೇರಿದ್ದ ಟೇಸ್ಟರ್ ರಮೀಜಾ ಕಪ್ಪಿನಿಂದ ತಲೆಯೆತ್ತಿ, "ಮೇಡಂ, ಎಲ್ಲಾದರಲ್ಲೂ ಹೂವಿನ ಪರಿಮಳ ಬರ್ತಿದೆ!" ಎಂದಳು. ಉಳಿದವರು ಕಿಸಕ್ಕೆಂದರು.

ಚಂದ್ರಮತಿ ನಗಲಿಲ್ಲ. "ನಿನ್ನ ನಾಲಿಗೆ ಸರಿಯಾಗೇ ಹೇಳ್ತಿದೆ ರಮೀಜಾ. ಬರೆದಿಡು. ನಾಳೆ ಇನ್ನೊಂದ್ಸಲ ನೋಡು" ಎಂದಳು. ನನ್ನನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಆ ಹುಡುಗಿಯ ಮುಂದಿದ್ದ ಬಿಸಿನೀರಿನ ಲೋಟಕ್ಕೆ ಇಳಿಸಿ ಹೋದಳು.