ಸಲಾಮಿಲ್ಲದ ಪ್ರಶ್ನೆ

ಆ ಸೋಮವಾರ ಮಧ್ಯಾಹ್ನ ನಮ್ಮ ಮನೆಯ ಟಿವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸಂಸತ್ ಸದಸ್ಯೆಯಾದ ನನ್ನ ಮಗಳು ತೂದಾ ರಾಜಧಾನಿಯಲ್ಲಿ, ಸಂಸತ್ತಿನೊಳಗೆ, ಪ್ರಧಾನಿಗೆ ಪ್ರಶ್ನೆ ಕೇಳುವವಳಿದ್ದಳು. ಪ್ರಶ್ನೆ ನಮ್ಮ ಕಣಿವೆಯ ಹೆರಿಗೆ ಮನೆಯದು. ಕಟ್ಟಿ, ರಿಬ್ಬನ್ ಕತ್ತರಿಸಿ, ಹಾಸಿಗೆಗಳ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಬೀಗ ಹಾಕಿದ್ದರು. ಸೂಲಗಿತ್ತಿ ನರ್ಸನ್ನು ಕಳಿಸಲೇ ಇಲ್ಲ. ಅಟ್ಲಾಸ್ ಬೆಟ್ಟಗಳ ಮೇಲೆ ಹಿಮ ಬಿದ್ದರೆ ಘಟ್ಟದ ದಾರಿ ಮುಚ್ಚುತ್ತದೆ. ಪಟ್ಟಣದ ಆಸ್ಪತ್ರೆ ಘಟ್ಟದ ಆಚೆಗಿದೆ. ಹೋದ ಚಳಿಗಾಲದಲ್ಲಿ ಪಕ್ಕದ ಮನೆಯ ಹದ್ದಾಳ ಮಗಳು ಆ ದಾರಿಯಲ್ಲೇ, ಪಿಕಪ್ ಗಾಡಿಯ ಹಿಂಬದಿಯಲ್ಲಿ ಹೆತ್ತಳು. ಅವಳು ಉಳಿದಳು, ಕೂಸು ಉಳಿಯಲಿಲ್ಲ.

ಈಗ ನನ್ನ ಸೊಸೆ ಇಝ್ಝಾಳಿಗೆ ದಿನ ತುಂಬುತ್ತಿತ್ತು. ಬೆಳಗಿನಿಂದ ಘಟ್ಟದ ನೆತ್ತಿಯ ಮೇಲೆ ಬೂದು ಮೋಡ ಕೂತಿತ್ತು. ಮಗನಿಗೆ ಟಿವಿ ನೋಡುವ ಧೈರ್ಯವಿಲ್ಲ. ಹೊರಗೆ ಸೌದೆ ಒಡೆಯುತ್ತಿದ್ದ; ಒಡೆದ ಸೌದೆಯನ್ನೇ ಮತ್ತೆ ಒಡೆಯುತ್ತಿದ್ದ.

ಪ್ರಧಾನಿ ತಿಂಗಳಿಗೊಮ್ಮೆ ಬಂದು ಸದಸ್ಯರ ಪ್ರಶ್ನೆಗೆ ಉತ್ತರ ಕೊಡಬೇಕೆಂದು ನಿಯಮವಿದೆ. ಆದರೆ ಈತ ಬೇಸಿಗೆಯಿಂದಲೂ ಬಂದಿರಲಿಲ್ಲ. ಒಂದು ಸಲ ಪರದೇಶದ ಅತಿಥಿಗಳಿದ್ದರು, ಇನ್ನೊಂದು ಸಲ ಕಾರಣವನ್ನೇ ಹೇಳಲಿಲ್ಲ. ಇವತ್ತು ತಪ್ಪಿದರೆ ಮುಂದಿನದು ಹಿಮ ಬಿದ್ದ ಮೇಲೆ.

ಬೆಳಿಗ್ಗೆ ತೂದಾ ಫೋನ್ ಮಾಡಿದ್ದಳು. ಯಾವತ್ತಿನ ಹಾಗೆ ನನ್ನ ಮಂಡಿನೋವು, ಮೇಕೆ, ಅಕ್ಕಪಕ್ಕದವರು ಯಾವುದನ್ನೂ ವಿಚಾರಿಸಲಿಲ್ಲ.

"ಅಮ್ಮಾ, ನನಗೆ ಕೊಟ್ಟಿರೋದು ಒಟ್ಟು ಎರಡೇ ನಿಮಿಷ. ಕೇಳೋದಕ್ಕೂ, ಆಮೇಲೆ ಅವರ ಉತ್ತರಕ್ಕೆ ಮರುಮಾತು ಆಡೋದಕ್ಕೂ ಸೇರಿ."

"ಸಾಲಲ್ವೇನೆ?"

"ನಮ್ಮ ಪಕ್ಷದ ನಾಯಕರು ಹೇಳ್ತಿದಾರೆ, ಇಷ್ಟು ತಿಂಗಳ ಮೇಲೆ ಬರ್ತಿದಾರೆ, ಮರ್ಯಾದೆಯಾಗಿ ಮಾತಾಡು, ಮೊದಲು ಧನ್ಯವಾದ ಹೇಳು ಅಂತ." ಆಮೇಲೆ ಅಂದಳು: "ಇವತ್ತು ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ."

ನಾನೇನು ತಿಳಿದುಕೊಳ್ಳಲಿ? ಇವಳು ಪ್ರಶ್ನೆಯನ್ನೇ ಬಿಟ್ಟು ಧನ್ಯವಾದ ಹೇಳಿ ಕೂರುತ್ತಾಳೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಚಹಾ ಲೋಟಗಳನ್ನು ತೊಳೆದೆ, ಒರೆಸಿದೆ, ತಿರುಗಿ ತೊಳೆದೆ.

ಹದ್ದಾಳ ಗಂಡ ಬಾಸ್ಸು ಹೊಸ್ತಿಲ ಮೇಲೆ ಕೂತಿದ್ದ. ಅವನದು ಹಳೆಯ ರಾಗ.

"ದೇಶ ನಡೆಸೋನನ್ನ ತಿಂಗಳು ತಿಂಗಳು ಕರೆದು ನಿಲ್ಲಿಸ್ತೀರಲ್ಲ, ಅವನು ಕೆಲಸ ಯಾವಾಗ ಮಾಡ್ಬೇಕು? ಬಾಯಿಪಾಠ ಒಪ್ಸೋದಕ್ಕೇ ಆಯ್ತು."

"ನೀನು ದಿನಾ ಮನೇಲೇ ಇರ್ತೀಯ, ಯಾರೂ ಏನೂ ಕೇಳಲ್ಲ. ಎಷ್ಟು ಕೆಲಸ ಮಾಡಿದೀಯ ಹೇಳು ನೋಡೋಣ," ಎಂದಳು ಹದ್ದಾ.

ಹೆಂಗಸರು ನಕ್ಕರು. ಬಾಸ್ಸು ಬಿಡಲಿಲ್ಲ. "ನಗಿ, ನಗಿ. ಎಲ್ಲರೆದುರಿಗೆ ಕೆಣಕಿದ್ರೆ ಅವನಿಗೂ ರೋಷ ಬರಲ್ವಾ? ಇರೋ ಬೀಗದ ಮೇಲೆ ಇನ್ನೊಂದು ಬೀಗ ಜಡೀತಾನೆ. ಒಳಗೆ ಹೋಗಿ ಮೆಲ್ಲಗೆ ಕೇಳಿದ್ರೆ ಆಗ್ತಿತ್ತು."

"ಮೆಲ್ಲಗೆ ಕೇಳಿ ಕೇಳಿಯೇ ನನ್ನ ಮೊಮ್ಮಗು ಮಣ್ಣಾಗಿದ್ದು," ಎಂದಳು ಹದ್ದಾ. ಹೊರಗೆ ಕೊಡಲಿಯ ಸದ್ದು ಮಾತ್ರ ಕೇಳಿಸುತ್ತಿತ್ತು.

ಟಿವಿಯಲ್ಲಿ ಪ್ರಧಾನಿ ಬಂದ. ಕೂತ. ಪಕ್ಕದ ಮಂತ್ರಿಯ ಕಿವಿಯಲ್ಲಿ ಏನೋ ಹೇಳಿ ನಕ್ಕ. ಅಲ್ಲಿಯ ಮಾತು ಅರಬ್ಬಿ. ನಮ್ಮವರಲ್ಲಿ ಹಲವರಿಗೆ ಅದು ಪೂರ್ತಿ ಅರ್ಥವಾಗದು, ನಾನು ಬಿಡಿಸಿ ಹೇಳುತ್ತಿದ್ದೆ. ಸದಸ್ಯರು ಒಬ್ಬೊಬ್ಬರಾಗಿ ಎದ್ದರು. ಮೊದಲು ದೇವರ ಸ್ಮರಣೆ, ಪ್ರವಾದಿಗಳಿಗೆ ಸಲಾಮು, ಸ್ಪೀಕರಿಗೆ ಸಲಾಮು, ಪ್ರಧಾನಿಗೆ, ಮಂತ್ರಿಗಳಿಗೆ, ಸಹೋದರ ಸಹೋದರಿಯರಿಗೆ. ಪ್ರಧಾನಿಯ ಆರೋಗ್ಯಕ್ಕೆ ಹಾರೈಕೆ. ಪರದೆಯ ಮೂಲೆಯಲ್ಲಿ ಗಡಿಯಾರ ಕೆಳಮುಖವಾಗಿ ಓಡುತ್ತಿತ್ತು. ಬಯಲು ಸೀಮೆಯ ಗಡ್ಡದ ಸದಸ್ಯನೊಬ್ಬ ಸಲಾಮೆಲ್ಲ ಮುಗಿಸಿ, ಕೆಮ್ಮಿ, "ನನ್ನ ಪ್ರಶ್ನೆ ಏನೆಂದರೆ" ಎನ್ನುತ್ತಿದ್ದ ಹಾಗೇ ಮೈಕು ಬಂದಾಯಿತು. ಬಾಯಿ ಆಡುತ್ತಿತ್ತು, ದನಿ ಇಲ್ಲ.

"ಅಯ್ಯೋ ಪಾಪ, ಒಳ್ಳೆ ಮನೆತನದೋನು," ಎಂದಳು ಹದ್ದಾ.

ನಮ್ಮಲ್ಲಿ ಅದು ಹಾಗೆಯೇ. ಯಾರದೋ ಮನೆಗೆ ಬೆಂಕಿ ಕೇಳಲು ಹೋದರೂ ಮೊದಲು ಮನೆಯವರ, ಮಕ್ಕಳ, ದನಕರುಗಳ ಕ್ಷೇಮ ವಿಚಾರಿಸಬೇಕು. ನೇರವಾಗಿ ಕೇಳಿದರೆ ಜಗಳಕ್ಕೆ ಬಂದಿದ್ದಾರೆಂದೇ ಅರ್ಥ. ಇದನ್ನು ತೂದಾಳಿಗೆ ಕಲಿಸಿದವಳು ನಾನು. ಸಲಾಮು ಮರೆತಳೆಂದು ಚಿಕ್ಕವಳಿದ್ದಾಗ ಬಾಗಿಲಿಂದ ಆಚೆ ಕಳಿಸಿ, ತಿರುಗಿ ಒಳಗೆ ಕರೆಸಿದವಳು.

ಸ್ಪೀಕರ್ ಅವಳ ಹೆಸರು ಕರೆದ. ತೂದಾ ಎದ್ದಳು. ನಾನು ನೇಯ್ದ ಕೆಂಪು ಪಟ್ಟೆಯ ಶಾಲು ಹೊದ್ದಿದ್ದಳು.

"ಬಿಸ್ಮಿಲ್ಲಾ," ಎಂದಳು, ಅಷ್ಟೇ. "ನಮ್ಮ ಕಣಿವೆಯ ಹೆರಿಗೆ ಮನೆಗೆ ಬೀಗ ಹಾಕಿ ಒಂದೂವರೆ ವರ್ಷವಾಯಿತು. ಘಟ್ಟ ಮುಚ್ಚುವ ಮೊದಲು ಅಲ್ಲಿಗೆ ಸೂಲಗಿತ್ತಿ ಬರುತ್ತಾಳೋ ಇಲ್ಲವೋ?"

ಕೂತುಬಿಟ್ಟಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಅವಳ ಪಕ್ಷದ ನಾಯಕ ತಲೆ ತಗ್ಗಿಸಿ ಹಣೆ ಉಜ್ಜಿಕೊಂಡ. ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕಿವಿ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಒಂದು ಸಲಾಮೂ ಇಲ್ವಲ್ಲ ಲಾಲ್ಲಾ ಇಟ್ಟೊ," ಎಂದ ಬಾಸ್ಸು, ಯಾವತ್ತಿನಂತೆ ಗೌರವದಿಂದಲೇ ನನ್ನ ಹೆಸರು ಹಿಡಿದು. "ಪ್ರಧಾನಿಗಿರಲಿ, ಸಭೆಗಾದ್ರೂ ಬೇಡ್ವಾ? ಸಾಲ ವಸೂಲಿಗೆ ಬಂದೋಳ ಹಾಗೆ ಕೇಳಿದ್ಲು. ಈಗ ಕೊಡ್ತಾನಾ ಅವನು? ಆಯ್ತು ಬಿಡಿ, ನಿಮ್ಮ ಹೆರಿಗೆ ಮನೆ."

ನನಗೂ ಹಾಗೇ ಅನ್ನಿಸಿತು.

ಇಝ್ಝಾ ಗೋಡೆಗೊರಗಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. "ಅತ್ತೇ, ಆ ಗಡಿಯಾರ ನೋಡಿ. ಅಲ್ಲೇ ನಿಂತಿದೆ."

ತೂದಾಳ ಹೆಸರಿನ ಮುಂದೆ ಒಂದೂವರೆ ನಿಮಿಷಕ್ಕೂ ಮೇಲೆ ಉಳಿದೇ ಇತ್ತು.

ಪ್ರಧಾನಿ ಉತ್ತರಕ್ಕೆ ಎದ್ದ. ಅವನ ಹೆಸರಿನ ಮುಂದೆಯೂ ಗಡಿಯಾರ ಓಡತೊಡಗಿತು. ಎಲ್ಲರ ಪ್ರಶ್ನೆಗಳಿಗೂ ಒಟ್ಟಿಗೇ ಉತ್ತರ ಕೊಡುವುದು ಅಲ್ಲಿಯ ಪದ್ಧತಿ. ಅವನೂ ಸಲಾಮಿನಿಂದ ಶುರುಮಾಡಿದ, ಪ್ರತಿಯೊಬ್ಬ ಸದಸ್ಯನ ಹೆಸರು ಹಿಡಿದು. ತೂದಾಳ ಹೆಸರು ಬರಲಿಲ್ಲ. ಆಸ್ಪತ್ರೆಗಳ ಲೆಕ್ಕ ಹೇಳಿದ, ಕಟ್ಟಲಿರುವ ಕಾಲೇಜಿನ ಬಗ್ಗೆ ಹೇಳಿದ, ಮೈಕು ಬಂದಾದ ಗಡ್ಡದವನು ಮೊದಲೇ ಬರೆದುಕೊಟ್ಟು, ಕೇಳದೇ ಉಳಿದ ಪ್ರಶ್ನೆಗೂ ನಗುತ್ತಾ ಉತ್ತರ ಕೊಟ್ಟ. ನಮ್ಮ ಕಣಿವೆಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಶಾಲಿನ ಅಂಚು ಹಿಂಡುತ್ತಿದ್ದೆ. ಬರಲೇ ಇಲ್ಲ. ಬೆಟ್ಟದ ಜನರ ತಾಳ್ಮೆಯನ್ನು ಹೊಗಳಿ, ಕುರ್ಚಿಗೊರಗಿ ನೀರು ಕುಡಿದ.

ಇಝ್ಝಾ ಹಲ್ಲು ಕಚ್ಚಿ ಉಸಿರು ಬಿಟ್ಟಳು. ಹದ್ದಾ ಅವಳ ಬೆನ್ನು ಸವರಿದಳು. "ನೋವೇನೆ?"

"ಸುಮ್ನೆ ಬಂದು ಹೋಯ್ತು."

ಕೊಡಲಿಯ ಸದ್ದು ನಿಂತಿತ್ತು. ಮಗ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ.

ಆಮೇಲೆ ಸ್ಪೀಕರ್ ಮರುಮಾತಿಗೆ ಕರೆದ. ಗಡ್ಡದವನಿಗೆ ಸಮಯ ಉಳಿದಿಲ್ಲ. ಇನ್ನೊಬ್ಬನಿಗೂ ಇಲ್ಲ. ಮತ್ತೊಬ್ಬಳಿಗೆ "ಧನ್ಯವಾದ" ಎನ್ನುವಷ್ಟು ಮಾತ್ರ ಇತ್ತು. ತೂದಾ ಎದ್ದಳು.

"ಮಾನ್ಯ ಪ್ರಧಾನಿಗಳು ಎಲ್ಲರಿಗೂ ಉತ್ತರ ಕೊಟ್ಟರು, ಕೇಳದವರಿಗೂ ಕೊಟ್ಟರು. ನನಗೆ ಕೊಡಲಿಲ್ಲ. ನಾನು ಸಲಾಮು ಹೇಳಲಿಲ್ಲ ಎಂದು ಇಲ್ಲಿ ಎಲ್ಲರೂ ಬೇಸರಪಟ್ಟರು. ಈಗ ಊರಿನಲ್ಲಿ ನನ್ನ ತಾಯಿಯೂ ತಲೆ ತಗ್ಗಿಸಿರುತ್ತಾಳೆ."

ನನ್ನ ಕೈ ಬಾಯಿಗೆ ಹೋಯಿತು.

"ಸಲಾಮಿಗೆ ಖರ್ಚಾಗುತ್ತಿದ್ದ ಹೊತ್ತನ್ನು ಇದಕ್ಕಾಗಿಯೇ ಉಳಿಸಿಕೊಂಡೆ. ನಮ್ಮ ಮನೆಯಲ್ಲಿ ತುಂಬು ಬಸುರಿಯೊಬ್ಬಳಿದ್ದಾಳೆ. ಕಣಿವೆಯಲ್ಲಿ ಅಂಥವರು ಇನ್ನೂ ಇದ್ದಾರೆ. ನೀವು ಮುಂದಿನ ತಿಂಗಳು ಬಂದರೂ ಅಷ್ಟರಲ್ಲಿ ಹಿಮ ಬಿದ್ದಿರುತ್ತದೆ. ಭಾಷಣ ಬೇಡ. ಸೂಲಗಿತ್ತಿ ಬರುತ್ತಾಳೆ ಎನ್ನಿ, ಇಲ್ಲ ಬರುವುದಿಲ್ಲ ಎನ್ನಿ. ಬರುವುದಿಲ್ಲ ಎಂದರೆ ನಾವು ಇವತ್ತೇ ಬಸುರಿಯರನ್ನು ಗಾಡಿಗೆ ಹತ್ತಿಸಿ ಘಟ್ಟ ದಾಟಿಸುತ್ತೇವೆ. ಉಳಿದ ನನ್ನ ಸಮಯದಲ್ಲಿ ಹೀಗೇ ನಿಂತು ಕಾಯುತ್ತೇನೆ."

ನಿಂತಳು. ಗಡಿಯಾರ ಓಡುತ್ತಿತ್ತು. ಕ್ಯಾಮೆರಾ ಒಮ್ಮೆ ಅವಳನ್ನು, ಒಮ್ಮೆ ಪ್ರಧಾನಿಯನ್ನು ತೋರಿಸುತ್ತಿತ್ತು. ಅವನು ಮಂತ್ರಿಯ ಕಡೆ ನೋಡಿದ. ಮಂತ್ರಿ ಕಾಗದಗಳ ಕಡೆ ನೋಡಿದ.

"ಕೂತ್ಕೋಬೇಡ ಕಣೇ, ನಿಂತಿರು," ಎಂದಳು ಹದ್ದಾ ಟಿವಿಗೆ.

ಪ್ರಧಾನಿ ಎದ್ದು ಮೈಕಿನ ಗುಂಡಿ ಒತ್ತಿದ. ಬಾಯಿ ಆಡಿತು. ದನಿ ಇಲ್ಲ. ಇನ್ನೊಮ್ಮೆ ಒತ್ತಿದ.

"ಮಾನ್ಯ ಪ್ರಧಾನಿಗಳ ಸಮಯ ಮುಗಿದಿದೆ," ಎಂದ ಸ್ಪೀಕರ್. ಅವನ ದನಿಯೇ ಸಣ್ಣಗಾಗಿತ್ತು.

ಹೊಗಳಿಕೆಗೆ, ಹೆಸರು ಹಿಡಿದು ಹೇಳಿದ ಸಲಾಮಿಗೆ ಎಲ್ಲವನ್ನೂ ಖರ್ಚುಮಾಡಿಕೊಂಡಿದ್ದ. ಬಾಗಿಲಲ್ಲಿ ಬಾಸ್ಸು "ಅಯ್ಯಯ್ಯೋ" ಎಂದ. ಯಾರ ಪರವಾಗಿ ಅಂದನೋ ತಿಳಿಯಲಿಲ್ಲ.

ಉತ್ತರ ಸಿಗಲಿಲ್ಲ. ಆ ರಾತ್ರಿ ಇಝ್ಝಾಳನ್ನು ಹೊರಡಿಸುವುದೋ ಬೇಡವೋ ಎಂದು ಮಗನೂ ನಾನೂ ವಾದ ಮಾಡಿದೆವು. ಬೆಳಗಾಗುವ ಹೊತ್ತಿಗೆ ಬಟ್ಟೆಗಂಟು ಕಟ್ಟಿ ಗಾಡಿಯ ಹತ್ತಿರ ಇಟ್ಟಿದ್ದೆ. ಅಷ್ಟರಲ್ಲಿ ನಮ್ಮ ಕಣಿವೆಯ ಅಧಿಕಾರಿಯ ಕಚೇರಿಯವನು ಓಡುತ್ತಾ ಬಂದು ಹೆರಿಗೆ ಮನೆಯ ಬೀಗ ತೆಗೆದ. "ಮೇಲಿಂದ ಫೋನ್ ಬಂದಿದೆ, ಸೂಲಗಿತ್ತಿ ಬರ್ತಾಳಂತೆ, ಒಲೆ ಹಚ್ಚಿಡಿ ಅಂದ್ರು," ಎಂದಷ್ಟೇ ಹೇಳಿದ. ಎಲ್ಲರೆದುರಿಗೆ ದನಿಯಿಲ್ಲದೆ ನಿಂತ ಪ್ರಧಾನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಕ್ಕಿಲ್ಲ. ನಾನು ಗಂಟು ಬಿಚ್ಚಿದೆ.

ಸೂಲಗಿತ್ತಿ ಬಂದದ್ದು ಗುರುವಾರ, ಮೊದಲ ಹಿಮ ಉದುರುತ್ತಿರುವಾಗ, ಕೊನೆಯ ಗಾಡಿಯಲ್ಲಿ. ಹೆಸರು ನಬೀಲಾ, ಎಳೆಯ ಹುಡುಗಿ. ಭಾನುವಾರ ಘಟ್ಟದ ದಾರಿ ಮುಚ್ಚಿ ಬೆಳ್ಳಗಿದ್ದಾಗ ಇಝ್ಝಾ ಹೆತ್ತಳು. ಹೆಣ್ಣು. ಕೂಸು ಸ್ವಲ್ಪ ಹೊತ್ತು ಅಳಲಿಲ್ಲ. ನಬೀಲಾ ಅದನ್ನು ಬೋರಲು ಹಿಡಿದು ಏನೇನೋ ಮಾಡಿದಳು. ನಾನು ಮಾಡಲಾರದಂಥದ್ದು, ಗಾಡಿಯ ಹಿಂಬದಿಯಲ್ಲಿ ಯಾರೂ ಮಾಡಲಾರದಂಥದ್ದು. ಆಮೇಲೆ ಅತ್ತಿತು. ಹದ್ದಾ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ತೂದಾ ಫೋನ್ ಮಾಡಿದಳು. ನನ್ನ ಮಂಡಿ, ಮೇಕೆ, ಹದ್ದಾ, ಬಾಸ್ಸು, ಅವನ ಕತ್ತೆ, ಒಂದನ್ನೂ ಬಿಡದೆ ವಿಚಾರಿಸಿದಳು. ನಾನು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟೆ.

ಆಮೇಲೆ ನಬೀಲಾಳಿಗೆ ಬಾರ್ಲಿ ಗಂಜಿ ಕೊಡಲು ಹೋದೆ. ಅವಳ ಪೆಟ್ಟಿಗೆಯಲ್ಲಿ ಅರ್ಧ ಸಾಮಾನು ಹಾಗೇ ಇತ್ತು.

"ಯಾಕಮ್ಮಾ, ಬಟ್ಟೆ ಎಲ್ಲಾ ತೆಗೆದಿಡಬಾರದಾ? ಗೂಡು ಖಾಲಿ ಇದೆಯಲ್ಲ."

"ನನ್ನನ್ನ ಕಳಿಸಿರೋದು ಒಂದೇ ತಿಂಗಳಿಗೆ, ಅಮ್ಮಾ," ಎಂದಳು, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು. "ಆಮೇಲೆ ನೋಡೋಣ ಅಂದಿದಾರೆ. ಪ್ರಧಾನಿಗಳು ಮತ್ತೆ ಸಂಸತ್ತಿಗೆ ಬರೋದು ಯಾವಾಗಂತೆ?"