ಕಾಲೇಜಿನ ಕಾಲು

"ಆ ಕಾಲು ನಿಂದಲ್ಲಲೇ, ಕಾಲೇಜಿಂದು. ನಿಮ್ಮಪ್ಪ ಹುಟ್ಟಿಸಿದ್ದು ಪುಳ್ಳಿಕಡ್ಡಿಯಂಥ ಎರಡು ಕಾಲು. ಅದಕ್ಕ ಎರಡು ವರ್ಷ ಹಾಲು ಹುಯ್ದು, ಬೂಟು ತೊಡಿಸಿ, ಕಾಲು ಅನ್ನಂಗ ಮಾಡಿದೋರು ನಾವು. ತಿಂದಿದ್ದೆಲ್ಲಾ ಕಕ್ಕಿ ಇಲ್ಲಿಡು, ಆಮ್ಯಾಲೆ ಟಿ.ಸಿ. ಕೇಳು."

ಚೇರ್ಮನ್ ಮರುಳಪ್ಪ ಇದನ್ನೆಲ್ಲ ನನ್ನ ಮುಖ ನೋಡಿ ಹೇಳಲಿಲ್ಲ. ಮೇಜಿನ ಗಾಜಿನ ಕೆಳಗಿದ್ದ ದೇವರ ಪಟ ನೋಡುತ್ತ ಹೇಳಿದ. ನಾನು ಬಾಗಿಲೊಳಗೆ ನಿಂತಿದ್ದೆ. ಅಪ್ಪ ಜೋಗಪ್ಪ ಬಾಗಿಲಾಚೆ. ಅಪ್ಪನ ಚಪ್ಪಲಿ ಇನ್ನೂ ಆಚೆ, ಮೆಟ್ಟಿಲ ಕೆಳಗೆ. ಹರಪನಹಳ್ಳಿ ಮಾರುಕಟ್ಟೆಯಲ್ಲಿ ಮರುಳಪ್ಪನದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ, ಅಲ್ಲಿ ಅಪ್ಪ ಹಮಾಲಿ. ಊರ ಹೊರಗೆ ಮರುಳಪ್ಪನದೇ ಡಿಗ್ರಿ ಕಾಲೇಜು, ಇಲ್ಲಿ ನಾನು, ಕ್ರಾಂತಿ, ಕಬಡ್ಡಿ ರೈಡರ್.

"ದಾವಣಗೆರಿ ಕಾಲೇಜಿನೋರು ಹಾಸ್ಟೆಲ್ಲು, ಊಟ, ತಿಂಗಳಾ ತಿಂಗಳಾ ಕೈಖರ್ಚಿಗೂ ಕೊಡ್ತಾರಂತ್ರಿ," ಅಂದೆ. "ಮೊಣಕಾಲು ಊದಿದ್ರ ಡಾಕ್ಟರಿಗೂ ತೋರಸ್ತಾರಂತ. ನಾವು ಆಡಿದ್ದಕ್ಕ ನೀವೂ ಏನಾರ ಕೊಡ್ರಿ ಸರ್, ಇಲ್ಲಾಂದ್ರ ಬಿಟ್ಟುಕೊಡ್ರಿ. ಕೊಡಂಗೂ ಇಲ್ಲ, ಬಿಡಂಗೂ ಇಲ್ಲ ಅಂದ್ರ ಹೆಂಗ್ರಿ?"

"ಕೂಲಿ ಕೇಳ್ತಾಳ ನೋಡಪಾ!" ಗೋಡೆಗೆ ಒರಗಿ ನಿಂತಿದ್ದ ಕೋಚ್ ಬಸವೇಶನ ಕಡೆ ತಿರುಗಿ ಮರುಳಪ್ಪ ನಕ್ಕ. "ಆಟ ಆಡಾಕ ಕೂಲಿ! ನಾಳಿ ಉಣ್ಣಾಕೂ ಕೂಲಿ ಕೇಳ್ತಾಳ."

"ಆಡಾಕ ಅಲ್ರಿ, ಗೆಲ್ಲಾಕ."

ನಗು ನಿಂತಿತು.

"ಜೋಗ್ಯಾ, ಬಾರಲೇ ಒಳಗ. ಇವತ್ತೊಂದಿನ ಬಾ. ಮಗಳ ಬಾಯಿಮ್ಯಾಲೆ ಒಂದು ಕೊಡು. ನಾನ ಕೊಡ್ತಿದ್ದೆ, ಆಮ್ಯಾಲೆ ಮನಿಗೆ ಹೋಗಿ ತಲಿಗೆ ನೀರು ಹಾಕ್ಕೋಬೇಕಾಕ್ಕತಿ."

"ಧಣಿ, ಸಣ್ಣಾಕಿ ಅದಾಳ್ರಿ. ತಿಳೀದಂಗ ಅಂದಾಳ..."

"ಹೊಡಿತೀಯೋ, ನಾಳಿಂದ ಕೊಕ್ಕಿ ಇಟ್ಟು ಮನ್ಯಾಗ ಕುಂದ್ರುತೀಯೋ?"

ಅಪ್ಪ ಒಳಗೆ ಬಂದ. ದಿನವಿಡೀ ಕೊಕ್ಕೆ ಹಾಕಿ ಚೀಲ ಎಳೆದ ಕೈ ಅದು. ಹಗುರವಾಗಿ ಹೊಡೆಯಲು ನೋಡಿದ.

"ನನಗ ಕೇಳಿಸ್ಲಿಲ್ಲ," ಅಂದ ಮರುಳಪ್ಪ.

ಎರಡನೆಯ ಏಟಿಗೆ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಬಿಳಿ ಟೈಲ್ಸಿನ ಮೇಲೆ ರಕ್ತ ತೊಟ್ಟಿಕ್ಕಿತು. "ನೆಲ ಒರಸಿ ಹೋಗ್ರಿ" ಅಂತ ಹೇಳಿ ಮರುಳಪ್ಪ ಫೋನು ಎತ್ತಿಕೊಂಡ. ಅಪ್ಪ ಹೆಗಲ ಟವೆಲ್ಲಿನಿಂದ ನೆಲ ಒರೆಸಿ, ಅದೇ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಹೊರಗೆ ಬಂದವನು ಎಡಚಪ್ಪಲಿ ಬಲಗಾಲಿಗೆ, ಬಲಚಪ್ಪಲಿ ಎಡಗಾಲಿಗೆ ಮೆಟ್ಟಿದ. ಗೇಟಿನವರೆಗೂ ಹಾಗೆಯೇ ನಡೆದ.

*

ನಮ್ಮ ಟೀಮಿಗೆ ಒಂದೇ ಹೆಸರು ಅಂತ ಇರಲಿಲ್ಲ. ಹಡಗಲಿಯಲ್ಲಿ ಯಾವುದೋ ಯುವಕ ಸಂಘ, ಕೊಟ್ಟೂರಿನಲ್ಲಿ ಯಾವನೋ ಮುಖಂಡನ ಅಭಿಮಾನಿ ಬಳಗ, ಹಗರಿಬೊಮ್ಮನಹಳ್ಳಿಯಲ್ಲಿ ಮತ್ತೊಂದು. ಯಾರು ಮರುಳಪ್ಪನಿಗೆ ಫೋನು ಮಾಡುತ್ತಾರೋ ಅವರ ಟೀ ಶರ್ಟು ನಮ್ಮ ಮೈಮೇಲೆ. ಗೆದ್ದರೆ ಕಪ್ಪು ಆ ಊರಿಗೆ, ದುಡ್ಡು ಮರುಳಪ್ಪನ ಕಾರಿಗೆ, ಮಂಡಕ್ಕಿ ಮಿರ್ಚಿ ನಮಗೆ. ಒಮ್ಮೆ ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಬಹುಮಾನಕ್ಕೆ ಟಗರು ಕಟ್ಟಿದ್ದರು. ಗೆದ್ದೆವು. ಟೆಂಪೋದಲ್ಲಿ ಅದು ನಮ್ಮ ಕಾಲುಗಳ ನಡುವೆ ನಿಂತು, ಊದಿದ ನನ್ನ ಮೊಣಕಾಲನ್ನು ಮೂಸುತ್ತ ಬಂತು. ದಾರಿಯಲ್ಲಿ ಬಸವೇಶ ಟೆಂಪೋ ನಿಲ್ಲಿಸಿ ಅದನ್ನು ಕಟುಕನ ಅಂಗಡಿಗೆ ಇಳಿಸಿದ.

"ಟಗರಿಗೆ ಟಿ.ಸಿ. ಸಿಕ್ತು ನೋಡ್ರಲೇ," ಅಂದಳು ಕಲ್ಯಾಣಿ.

ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಲ್ಯಾಣಿ ಅಂದರೆ ಕಲ್ಯಾಣಮ್ಮ, ನಮ್ಮದೇ ತಾಲೂಕಿನ ಅರಸೀಕೆರೆಯವಳು. ಟೀಮಿನಲ್ಲಿ ರೈಡರನ್ನು ಹಿಡಿಯುವ ಬಲಮೂಲೆ ಅವಳದು. ಅವಳ ಕೈಗೆ ಪಾದ ಸಿಕ್ಕರೆ ಮುಗಿಯಿತು, ಮೊಸಳೆಯಾದರೂ ಬಿಡುತ್ತದೆ, ಅವಳು ಬಿಡುವುದಿಲ್ಲ. ಅವಳ ಅವ್ವ ಮರುಳಪ್ಪನ ಕಾಲೇಜು ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಮಲಗುವುದೂ ಅಲ್ಲೇ, ಉಗ್ರಾಣದ ಪಕ್ಕ. ಅವರಿಗೆ ಬೇರೆ ಮನೆ ಇಲ್ಲ.

ಸುಗ್ಗಿ ಬಂತೆಂದರೆ ನಮ್ಮ ಮೈದಾನ ಮರುಳಪ್ಪನ ಕಣವಾಗುತ್ತದೆ. ಲಾರಿಗಟ್ಟಲೆ ಮೆಕ್ಕೆಜೋಳ ತಂದು ಹರವುತ್ತಾರೆ. ಬಿಸಿಲು ಬಿದ್ದಾಗ ನೆಲಕ್ಕೇ ಹಲ್ಲು ಮೂಡಿ ಅದು ನಗುತ್ತಿದೆ ಅನಿಸುತ್ತದೆ. ಸಂಜೆ ಅದನ್ನು ನಾವೇ ಗುಡ್ಡೆ ಮಾಡಿ, ಚೀಲಕ್ಕೆ ತುಂಬಿ, ಹೆಗಲ ಮೇಲೆ ಹೊತ್ತು ಷೆಡ್ಡಿಗೆ ಹಾಕಬೇಕು. ಬಸವೇಶ ಅದಕ್ಕೆ ವೇಟ್ ಟ್ರೈನಿಂಗ್ ಅನ್ನುತ್ತಿದ್ದ. ಚೀಲ ಹೊತ್ತು ಜಾಗ ಖಾಲಿಯಾದ ಮೇಲೆ ಸುಣ್ಣದ ಗೆರೆ ಎಳೆದು ಕಬಡ್ಡಿ. ಎಷ್ಟು ಗುಡಿಸಿದರೂ ಉಳಿದ ಕಾಳು ಮಂಡಿಗೆ, ಅಂಗೈಗೆ ಚುಚ್ಚಿಕೊಳ್ಳುತ್ತದೆ.

ಅಜ್ಜಿ ಕನಕಮ್ಮ ನನಗೊಂದು ಕಥೆ ಹೇಳುತ್ತಿದ್ದಳು. ಒಬ್ಬ ದೊರೆಗೆ ಓಟದ ಪಂದ್ಯದಲ್ಲಿ ಗೆಲ್ಲುವ ಹುಚ್ಚು. ಊರ ಹೊರಗಿನ ಹುಡುಗಿಯ ಕಾಲನ್ನು ಕಡ ತಗೊಂಡು, ತನಗೆ ಕಟ್ಟಿಕೊಂಡು ಓಡಿ ಗೆದ್ದನಂತೆ. ಹುಡುಗಿ ಅರಮನೆಯ ಬಾಗಿಲಲ್ಲಿ ತೆವಳಿಕೊಂಡು, ದೊರೆ, ನನ್ನ ಕಾಲು, ನನ್ನ ಕಾಲು ಅಂತ ಕೂಗುತ್ತಿದ್ದಳಂತೆ. ನಡುನಡುವೆ ಹೂಂಗುಟ್ಟದಿದ್ದರೆ ಅಜ್ಜಿ ತಲೆಗೆ ಕುಟ್ಟುವಳು. ನಾನು ಹೂಂ ಅನ್ನುತ್ತಲೇ ಇದ್ದೆ, ನಿದ್ದೆ ಬರುತ್ತಿದ್ದುದು ಅಜ್ಜಿಗೆ. ಆ ಹುಡುಗಿಗೆ ಕಾಲು ಸಿಕ್ಕಿತೋ ಇಲ್ಲವೋ, ಅಜ್ಜಿ ಸಾಯುವವರೆಗೂ ಹೇಳಲಿಲ್ಲ.

*

ಅಪ್ಪ ಹೊಡೆದ ಮಾರನೆಯ ಸಂಜೆ. ಚೀಲ ಹೊರುವಾಗ ಕಲ್ಯಾಣಿ ನನ್ನ ಹಿಂದೆಯೇ ಇದ್ದಳು. ಷೆಡ್ಡಿನೊಳಗೆ ಚೀಲ ಇಳಿಸಿದವಳು ಮೇಲೇಳಲಿಲ್ಲ.

"ಲೇ ಕ್ರಾಂತಿ, ಇವತ್ತು ನನ್ನ ಮೂಲಿಗೆ ಬರಬ್ಯಾಡ."

"ಯಾಕಲೇ, ಹೆದರೀಯೇನು?"

"ನಗಬ್ಯಾಡ. ನಿನ್ನ ಪಾದ ಹಿಡಿದು ಮಂಡಿ ತಿರುವಿಬಿಡು ಅಂದಾನ ಬಸವೇಶ ಸರ್. ಪ್ರಾಕ್ಟೀಸಿನಾಗ ಆತು ಅಂದ್ರ ಯಾರೂ ಕೇಳಂಗಿಲ್ಲಂತ. ಮುರದ ಕಾಲು ಯಾ ಕಾಲೇಜಿನೋರೂ ಒಯ್ಯಂಗಿಲ್ಲ, ತಮಗ ಇಲ್ಲದ್ದು ಅವರಿಗೂ ಬ್ಯಾಡ ಅಂತ ಚೇರ್ಮನ್ರು ಹೇಳ್ಯಾರಂತ." ಅವಳು ಮೂಗು ಒರೆಸಿಕೊಂಡಳು. "ಮಾಡ್ಲಿಲ್ಲಂದ್ರ ಅವ್ವನ ಹಾಸಿಗಿ ಇವತ್ತ ರಸ್ತಿಗೆ ಬೀಳತೈತಿ."

ಬಸವೇಶ ಎಲ್ಲಿದ್ದಾನೆ ಅಂತ ನಾನು ಬಾಗಿಲಿಂದ ಇಣುಕಿದೆ.

"ಓಡಿಹೋಗಲೇ," ಅಂದಳು.

"ಎಲ್ಲಿಗೆ? ಟಿ.ಸಿ. ಇಲ್ದ ಓಡಿದ್ರ ಆಡಾಕ ಯಾರು ತಗೊಂತಾರ? ನಮ್ಮಪ್ಪ ಅವನ ಅಂಗಡ್ಯಾಗ ಅದಾನ." ನಾನು ಅವಳ ಎರಡೂ ಕೈ ಹಿಡಿದು ನೋಡಿದೆ. ಬೆರಳಿನ ಗೆಣ್ಣುಗಳು ಕೊಡಲಿಯ ಹಿಡಿಯಂತಿದ್ದವು. "ನಿನ್ನ ಕಡಿಗೇ ಬರ್ತೀನಿ. ನೀ ಒಲ್ಲೆ ಅಂದ್ರ ಇನ್ನೊಬ್ಬರಿಗೆ ಹೇಳ್ತಾನ. ಯಾರು ಅಂತ ನಂಗ ಗೊತ್ತಾಗಂಗಿಲ್ಲ."

"ನಿನಗ ಹುಚ್ಚು ಹಿಡದೈತಿ."

"ಹೂಂ."

ಹೊರಗೆ ಸೀಟಿ ಕೂಗಿತು.

ಆ ಕಡೆ ಏಳು ಜನ. ಈ ಕಡೆಯಿಂದ ನಾನೊಬ್ಬಳೇ ಹೋಗಬೇಕು. ಬಸವೇಶ ಅಂಚಿನ ಗೆರೆಯ ಹತ್ತಿರ ಬೂಟು ಹಾಕಿಕೊಂಡು ನಿಂತಿದ್ದ. ಉಳಿದವರ ಮುಖ ನೋಡಿದರೆ ಅವರಿಗೂ ಸುದ್ದಿ ಮುಟ್ಟಿದೆ ಅಂತ ತಿಳಿಯಿತು. ಕಲ್ಯಾಣಿ ಎಲ್ಲರಿಗೂ ಹೇಳಿದ್ದಳು. ಯಾರೂ ನನ್ನ ಕಣ್ಣು ನೋಡುತ್ತಿರಲಿಲ್ಲ.

ಉಸಿರು ಎಳೆದುಕೊಂಡು ಗೆರೆ ದಾಟಿದೆ. ಕಬಡ್ಡಿ ಕಬಡ್ಡಿ ಕಬಡ್ಡಿ. ಎಡಕ್ಕೆ ಆಡಿಸಿದೆ, ನಡುವಿಗೆ ಬಂದೆ. ಆಮೇಲೆ ನೇರ ಬಲಮೂಲೆಗೆ ಹೋಗಿ ಬಲಗಾಲು ಚಾಚಿದೆ. ಕಲ್ಯಾಣಿ ಬಿದ್ದಳು. ಎರಡು ಕೈ ನನ್ನ ಪಾದದ ಸುತ್ತ ಕೂತವು. ನಾನೂ ಬಿದ್ದೆ, ಕಾಳು ಮುಖಕ್ಕೆ ಚುಚ್ಚಿತು. ಅವಳ ಹಣೆ ನನ್ನ ಮೀನಖಂಡಕ್ಕೆ ತಾಗಿತ್ತು. ಹಣೆ ಒದ್ದೆಯಾಗಿತ್ತು. ಹಿಡಿದಿದ್ದಳು. ತಿರುವಲಿಲ್ಲ.

"ತಿರುವಲೇ!" ಬಸವೇಶ ಕೂಗಿದ.

ಕಬಡ್ಡಿ ಕಬಡ್ಡಿ. ನಾನು ಉಸಿರು ಬಿಟ್ಟಿರಲಿಲ್ಲ.

"ತಿರುವಲೇ ಸೂಳಿಮಗಳೇ! ಕೈಯಾಗ ಜೀವ ಇಲ್ಲೇನು?"

"ಆಗಂಗಿಲ್ರಿ ಸರ್," ಅಂದಳು ಕಲ್ಯಾಣಿ. ಅಷ್ಟೇ. ಮೆಲ್ಲಗೆ, ಉಪ್ಪು ಹಾಕಿಲ್ಲ ಅನ್ನುವ ಹಾಗೆ.

ಬಸವೇಶ ಗೆರೆ ದಾಟಿ ಒಳಗೆ ಬಂದ. ಮೊದಲ ಒದೆ ಅವಳ ಪಕ್ಕೆಲುಬಿಗೆ ಬಿತ್ತು. ಅವಳು ಹೊಕ್ಕಳ ಕಡೆಗೆ ಮಡಚಿಕೊಂಡಳು, ಬಾಯಿಂದ ನಾಯಿಮರಿಯಂಥ ಸದ್ದು ಬಂತು. ಎರಡನೆಯ ಒದೆಗೆ ಕೈ ಸಡಿಲವಾಯಿತು. ಜೋಳ ಎಳೆಯುವ ಮರದ ಹಲಗೆ ಷೆಡ್ಡಿಗೆ ಆನಿಸಿಟ್ಟಿತ್ತು. ಅವನು ಹೋಗಿ ಅದನ್ನು ತಂದ. ನನಗೆ ಏಳಲು ಹೊತ್ತಿತ್ತು. ಮೊಣಕೈ ಊರಿ ಅರ್ಧ ಎದ್ದಿದ್ದೆ ಕೂಡ, ಕಲ್ಯಾಣಿಯನ್ನು ಅಲ್ಲೇ ಬಿಟ್ಟು ಓಡಲಾಗಲಿಲ್ಲ. ಅವನು ಹಲಗೆ ಎತ್ತಿದ.

"ದಾವಣಗೆರಿ ಬೇಕೇನಲೇ ನಿನಗ? ತಗಾ ದಾವಣಗೆರಿ."

ಹಸಿ ದಂಟು ಮುರಿದಂಥ ಶಬ್ದ ಬಂತು. ಮೊದಲು ಶಬ್ದ ಕೇಳಿಸಿತು, ನೋವು ಆಮೇಲೆ ಬಂತು. ನನ್ನ ಪಾದ ನನ್ನ ಕಡೆಗೆ ಅಲ್ಲ, ಬೇರೆ ಎಲ್ಲಿಗೋ ಹೊರಟಂತೆ ಪಕ್ಕಕ್ಕೆ ತಿರುಗಿ ಬಿದ್ದಿತ್ತು. ಕಿರುಚಿದೆ. ಉಸಿರು ಅಲ್ಲಿಗೆ ಹೋಯಿತು.

ಅವನು ಹಲಗೆಯನ್ನು ಮತ್ತೆ ಎತ್ತಿದ. ಒಂದು ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ. ಅವನು ನಿಂತಿದ್ದ ಜಾಗ ಏಳು ಜನರ ಅಂಗಳ. ಅಲ್ಲಿಗೆ ಒಬ್ಬನೇ ಬಂದವನ ಮೇಲೆ ಹೇಗೆ ಬೀಳಬೇಕು ಅನ್ನುವುದನ್ನು ಎರಡು ವರ್ಷ ಬೆಳಗು ಸಂಜೆ ಬೈದು, ಬಡಿದು, ಕಲಿಸಿದವನು ಅವನೇ. ಕೈಗೆ ಕೈ ಕೂಡಿ ಸರಪಳಿಯಾಯಿತು. ಎಡದಿಂದ ಇಬ್ಬರು ಸೊಂಟಕ್ಕೆ ನುಗ್ಗಿದರು, ನಡುವಿನವರು ಎದೆಗೆ, ಬಲಗಡೆ ಆಡುವ ಸುಮಲತಾ ಹಿಂದಿನಿಂದ ಕುತ್ತಿಗೆಗೆ. ಹಲಗೆ ಹಾರಿ ದೂರ ಬಿತ್ತು. ಅಷ್ಟು ದೊಡ್ಡ ಗಂಡಸು ಬೀಳುವಾಗ ಧೂಳೆದ್ದು ಕಾಳು ಚಿಮ್ಮಿದವು.

"ಬಿಡ್ರಲೇ! ಹೆಣ ಬೀಳಸ್ತೀನಿ ಒಬ್ಬೊಬ್ಬರದ! ಯಾವನ್ನ ಹಿಡಿದೀರಿ ಗೊತ್ತೈತೇನು?"

"ಗೊತ್ತೈತ್ರಿ," ಅಂದಳು ಸುಮಲತಾ, ಅವನ ಬಾಯನ್ನು ಮಣ್ಣಿಗೆ ಒತ್ತಿ.

ಅವನು ಒಬ್ಬಳ ಕೈ ಕಚ್ಚಿದ. ಅವಳು ಕೈ ತೆಗೆಯಲಿಲ್ಲ, ಇನ್ನೊಂದು ಕೈಯ ಮುಷ್ಟಿಯಿಂದ ಅವನ ಕಿವಿಗೆ ಗುದ್ದಿದಳು. ಮತ್ತೆ ಗುದ್ದಿದಳು. ಗುದ್ದುತ್ತಲೇ ಅಳುತ್ತಿದ್ದಳು. ಕಲ್ಯಾಣಿ ಪಕ್ಕೆ ಹಿಡಿದುಕೊಂಡು ಮಂಡಿಯ ಮೇಲೆ ತೆವಳಿ ಬಂದಳು. ಅವನ ಬಲಗಾಲಿನ ಬೂಟಿನ ದಾರ ಬಿಚ್ಚಿದಳು. ಬೂಟು ಕಿತ್ತು ಪಕ್ಕಕ್ಕೆ ಇಟ್ಟಳು, ಸಾಕ್ಸನ್ನೂ ಎಳೆದು ಬೂಟಿನೊಳಗೆ ತುರುಕಿದಳು. ಎರಡು ಕೈಯಲ್ಲಿ ಅವನ ಪಾದ ಹಿಡಿದಳು.

ಗೇಟಿನಲ್ಲಿ ಹಾರ್ನು ಕೇಳಿಸಿತು. ಮರುಳಪ್ಪನ ಕಾರು ಒಳಗೆ ಬಂದು ನಮ್ಮನ್ನು ಕಂಡು ನಿಂತಿತು. ಷೆಡ್ಡಿನ ಪಕ್ಕ ಲಾರಿಗೆ ಹೇರುತ್ತಿದ್ದ ಮರುಳಪ್ಪನ ಅಂಗಡಿಯ ಹಮಾಲರು ಚೀಲ ಕೆಳಗಿಟ್ಟು ನೋಡುತ್ತಿದ್ದರು. ಅವರಲ್ಲಿ ಅಪ್ಪ ಇದ್ದನೋ ಇಲ್ಲವೋ, ಕಣ್ಣಿಗೆ ಮಂಜು ಕವಿದು ಕಾಣಲಿಲ್ಲ.

"ಕಲ್ಯಾಣೀ, ಬ್ಯಾಡವ್ವಾ," ಅಂದ ಬಸವೇಶ. ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ. "ಟಿ.ಸಿ. ಕೊಡಸ್ತೀನಿ. ಆಕಿದೂ ಕೊಡಸ್ತೀನಿ, ನಿಂದೂ ಕೊಡಸ್ತೀನಿ. ಎಲ್ಲಿ ಬೇಕಾದಲ್ಲಿ ಹೋಗ್ರಿ."

ಕಲ್ಯಾಣಿ ನನ್ನ ಕಾಲು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳುವ ಹುಡುಗಿಯ ಹಾಗೆ ಕೇಳಿದಳು:

"ಹೆಂಗಂದ್ರಿ ಸರ್, ಹೊರಗಡಿ ತಿರುವಬೇಕೋ, ಒಳಗಡೀನೋ?"

ಕಾರು ಮತ್ತೆ ಹೊರಟಿತು. ನೆಲದಲ್ಲಿ ಉಳಿದ ಕಾಳಿನ ಮೇಲೆ ಚಕ್ರ ನುರುನುರು ಎನ್ನುತ್ತ, ಹಾರ್ನು ಬಿಡದೆ ಒದರುತ್ತ, ನೇರ ನಮ್ಮ ಕಡೆಗೇ ಬರುತ್ತಿತ್ತು. ನಾನು ತೆವಳಿಕೊಂಡು ಹೋಗಿ ಸರಪಳಿಯ ಕೊನೆಯಲ್ಲಿದ್ದವಳ ಕೈ ಹಿಡಿದೆ.

ಯಾರೂ ಕೈ ಬಿಡಲಿಲ್ಲ.